ಶುಲ್ಕದಲ್ಲಿ ಸೇರಿದ್ದು, ಚೀಲಕ್ಕೆ ಸೇರಬೇಕಾದದ್ದು

2008ರಲ್ಲಿ ‘ಟೂರ್ ಆಫ್ ನೀಲ್ಗಿರಿಸ್’ ಆರಂಭವಾದಂದಿನಿಂದ, ಡಿಸೆಂಬರಿನ ಚಳಿಯಲ್ಲಿ ಬಂಡೀಪುರ, ಮುದುಮಲೈಗಳ ಕಾಡನ್ನು ಹಾಯ್ದು ಉದಕಮಂಡಲಕ್ಕೆ ಸೈಕಲ್ ತುಳಿಯುವುದು ನಮ್ಮ ಬೆಂಗಳೂರು, ಮೈಸೂರುಗಳ ಸಂಬಳದಾರರಿಗೂ ಅಂಟಿದ ಒಂದು ಸಾತ್ತ್ವಿಕ ವ್ಯಸನವಾಗಿದೆ. ಇಂತಹ ಯಾತ್ರೆಗಳಲ್ಲಿ ವಸತಿ, ಊಟ, ಸಾಮಾನು ಸಾಗಿಸುವ ಲಾರಿ, ದಾರಿಯಲ್ಲಿ ನೀರು ಬಾಳೆಹಣ್ಣುಗಳ ವ್ಯವಸ್ಥೆ, ರಿಪೇರಿಯ ಮೆಕ್ಯಾನಿಕ್ಕು ಇವೆಲ್ಲವೂ ಸಾಮಾನ್ಯವಾಗಿ ಶುಲ್ಕದಲ್ಲಿಯೇ ಅಡಕವಾಗಿರುತ್ತವೆ. ಶುಲ್ಕ ಹೆಚ್ಚಾಯಿತೆಂದು ಗೊಣಗುವವರನ್ನು ನಾನು ಬಹಳ ಕಂಡಿದ್ದೇನೆ. ಆದರೆ ಆ ಶುಲ್ಕದಿಂದ ಒಮ್ಮೆ ಕೊಂಡದ್ದನ್ನೇ ಮತ್ತೆ ಅಂಗಡಿಯಿಂದ ಕೊಂಡು ಚೀಲಕ್ಕೆ ತುರುಕುವ ಅಪವ್ಯಯವನ್ನು ಗಮನಿಸುವವರು ವಿರಳ. ನನ್ನ ಜೊತೆಗೆ ಬಂದಿದ್ದ ಮಿತ್ರರೊಬ್ಬರು ನಿಲುಗಾಲಿನ ಹೊಸ ಪಂಪು, ಸ್ಪ್ಯಾನರುಗಳ ಪೂರ್ಣ ಪೆಟ್ಟಿಗೆ, ಒಂದು ಡಬ್ಬಿ ಚೈನೆಣ್ಣೆ ಇವನ್ನೆಲ್ಲ ಹೊತ್ತು ತಂದಿದ್ದರು. ಮೆಕ್ಯಾನಿಕ್ಕಿನ ವ್ಯಾನಿನಲ್ಲಿ ಇವೆಲ್ಲವೂ ಮೊದಲೇ ಇದ್ದುದರಿಂದ ಅವರ ಪೆಟ್ಟಿಗೆ ಬೀಗ ತೆಗೆಯದೆಯೇ ಊರಿಗೆ ಮರಳಿತು.

ವ್ಯಾನಿನಲ್ಲಿ ಇಲ್ಲದಿರುವುದು ಯಾವುದೆಂಬುದೇ ವಿಚಾರಾರ್ಹವಾದ ಪ್ರಶ್ನೆ. ಗೇರು ಬದಲಿಸುವ ಡಿರೇಲ್ಯೂರನ್ನು ಚೌಕಟ್ಟಿಗೆ ಜೋಡಿಸುವ ಹ್ಯಾಂಗರೆಂಬ ಬೆರಳುದ್ದದ ಲೋಹದ ತುಂಡು, ಸೈಕಲ್ಲು ಆ ಪಕ್ಕಕ್ಕೆ ಬಿದ್ದಾಗ ತಾನು ಬಾಗಿಯೋ ಮುರಿದೋ ಬೆಲೆಬಾಳುವ ಚೌಕಟ್ಟನ್ನು ಉಳಿಸುವುದಕ್ಕಾಗಿಯೇ ಇರತಕ್ಕದ್ದು. ಆದರೆ ಅದರ ಆಕಾರ ಮಾದರಿಯಿಂದ ಮಾದರಿಗೆ ಭಿನ್ನವಾದ್ದರಿಂದ, ಎಷ್ಟೇ ನಿಪುಣನಾದ ಮೆಕ್ಯಾನಿಕ್ಕಾದರೂ ಎಲ್ಲರದನ್ನೂ ಸಂಗ್ರಹಿಸಿಡಲಾರನು. ಕೆಲವು ನೂರು ರೂಪಾಯಿಗಳ ಈ ತುಂಡನ್ನು ಕೊಳ್ಳದೆ ಬಂದವರು, ತುಂಡು ಮುರಿದ ದಿನದಿಂದ, ತೆತ್ತ ಶುಲ್ಕದ ಉಳಿದ ಭಾಗವನ್ನೆಲ್ಲ ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು ಅನುಭವಿಸಬೇಕಾದೀತು.

ಚೈನಿನ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಉಕ್ಕಿನ ಅಡಿಕೋಲೊಂದನ್ನು ಚೈನಿನ ಮೇಲಿಟ್ಟು, ಒಂದು ಪಿನ್ನಿನ ನಡುವನ್ನು ಸೊನ್ನೆಗೆ ಹೊಂದಿಸಿದರೆ, ಹೊಸ ಚೈನಾಗಿದ್ದಲ್ಲಿ ಅದರಿಂದಾಚೆಗಿನ ಇಪ್ಪತ್ತನಾಲ್ಕನೆಯ ಪಿನ್ನಿನ ನಡು ಸರಿಯಾಗಿ 12 ಅಂಗುಲಕ್ಕೆ ಕೂಡುತ್ತದೆ. ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಮುಂದೆ ಸರಿದಿದ್ದರೆ ಚೈನನ್ನು ಬದಲಿಸಬೇಕು, ಎಂಟನೆಯ ಒಂದು ಭಾಗದಷ್ಟು ಸರಿಯುವ ತನಕ ಸುಮ್ಮನಿದ್ದರೆ ಅದು ಹಿಂಬದಿಯ ಹಲ್ಲುಚಕ್ರಗಳನ್ನೂ ಸವೆಸಿರುತ್ತದೆ. ಚೈನಿಗಿಂತ ಹಲ್ಲುಚಕ್ರಗಳ ಬೆಲೆ ಬಹುಮಟ್ಟಿಗೆ ಅಧಿಕವಾದ್ದರಿಂದ, ಹಳೆಯ ಚೈನನ್ನೇ ಎಳೆದಾಡುವ ಜಿಪುಣತನ ಕೊನೆಗೆ ಎರಡು ಖರ್ಚುಗಳನ್ನು ಒಟ್ಟಿಗೇ ತಲೆಗೆ ಕಟ್ಟುತ್ತದೆ. ಈ ಪರೀಕ್ಷೆಯನ್ನು ಯಾತ್ರೆಗೆ ಒಂದು ತಿಂಗಳ ಮುಂಚೆಯೇ ಮಾಡುವುದು ನನ್ನ ವಾಡಿಕೆ. ಹೊಸ ಬಿಡಿಭಾಗಗಳ ತಕರಾರೇನಿದ್ದರೂ ಅದು ಕನಕಪುರದ ರಸ್ತೆಯಲ್ಲಿ ತಿಳಿಯಲಿ, ಕಲ್ಲಟ್ಟಿಯ 36 ತಿರುವುಗಳ ನಡುವೆ ಬೇಡ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಣ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆಯೆಂದು, ಯಾತ್ರೆಯ ನೆಪದಲ್ಲಿ ಹೊಸ ಸೈಕಲ್ಲನ್ನೇ ಕೊಳ್ಳುವ ಆಸೆ ಕೆಲವರಲ್ಲಿ ಚಿಗುರಿದೆ. ಕೊಳ್ಳಲಿ, ಆದರೆ ದೇಹಕ್ಕೆ ಒಗ್ಗದ ಸೀಟಿನ ಮೇಲೆ ಸತತವಾಗಿ ಹಲವು ದಿನ ಕೂರುವ ಶಿಕ್ಷೆಗೆ ತೆರಿಗೆಯ ರಿಯಾಯಿತಿ ಪರಿಹಾರವಾಗದು. ನಾನಂತೂ ಹಣವನ್ನು ಧಾರಾಳವಾಗಿ ಬಿಚ್ಚುವುದು ದೇಹವೂ ಸೈಕಲ್ಲೂ ಪರಸ್ಪರ ಸೋಂಕುವ ಎಡೆಗಳಲ್ಲಿ ಮಾತ್ರ: ಒಳಗೆ ಮೆತ್ತೆಯಿರುವ ಒಳ್ಳೆಯ ಶಾರ್ಟ್ಸ್, ಕೈಗವಸು, ಪಾದಕ್ಕೆ ಪಳಗಿದ ಬೂಟು. ಶಾರ್ಟ್ಸ್ ಮೂರಿದ್ದರೆ ಸಾಕು; ಸಂಜೆ ಒಗೆದು, ಟವೆಲಿನಲ್ಲಿ ಸುತ್ತಿ ಹಿಂಡಿದರೆ, ಒಣಗಲು ಒಂದು ಹಗಲಿನ ಬಿಡುವು ಸಿಕ್ಕುತ್ತದೆ. ದಿನಕ್ಕೊಂದರಂತೆ ಕೊಳ್ಳುವುದು ಅಂಗಡಿಯವನ ಹಿತ.

ಚೀಲ ಕಟ್ಟುವಾಗ ನೆನಪಿಡಬೇಕಾದದ್ದು, ಬೆಳಿಗ್ಗೆ ಲಾರಿಗೆ ಏರಿದ ಗಂಟು ಸಂಜೆಯ ತನಕ ಕೈಗೆ ದೊರಕದೆಂಬುದು. ಆದ್ದರಿಂದ ಒಂದೊಂದು ದಿನದ ಉಡುಪನ್ನು ಒಂದೊಂದು ಹಳೆಯ ದಿಂಬಿನ ಗವಸಿನಲ್ಲಿ ಕಟ್ಟಿಡುತ್ತೇನೆ. ಅದಕ್ಕೆಂದೇ ಮಾರುವ ನೈಲಾನಿನ ಚೀಲಗಳ ಬೆಲೆಯನ್ನು ನೋಡಿ ಮನೆಯಾಕೆಯೇ ಕಪಾಟಿನಿಂದ ಗವಸುಗಳನ್ನು ತೆಗೆದುಕೊಟ್ಟಳು. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗಳು ನಿಷಿದ್ಧವಾದ್ದರಿಂದ, ನೀರಿಗೆ ಗಟ್ಟಿಯಾದ ಎರಡು ಬಾಟಲಿಗಳನ್ನು ಸೈಕಲ್ಲಿಗೇ ಸಿಕ್ಕಿಸಿರಬೇಕು. 2,240 ಮೀಟರುಗಳೆತ್ತರದ ಊಟಿಯಿಂದ ಮುಂಜಾನೆ ಕೂನೂರಿನ ಕಡೆಗೆ ಇಳಿಯುವಾಗ ಎದೆಗೆ ಬಡಿಯುವ ಗಾಳಿಯನ್ನು ತಡೆಯಲು, ಫ್ರಾನ್ಸಿನ ಪರ್ವತಗಳಲ್ಲಿ ಪೈಪೋಟಿಯ ಸವಾರರು ಹಿಂದೆ ಮಾಡುತ್ತಿದ್ದಂತೆ, ಅಂಗಿಯೊಳಗೆ ಮಡಿಸಿದ ವೃತ್ತಪತ್ರಿಕೆಯನ್ನಿಡುವುದು ಸಾವಿರಾರು ರೂಪಾಯಿಯ ಜಾಕೆಟ್ಟಿಗಿಂತ ತೀರ ಕೆಳಗಿನದಲ್ಲ. ಮಳೆಯ ಸೂಚನೆಯಿದ್ದರೆ ಮಾತ್ರ ಜಾಕೆಟ್ಟೇ ಬೇಕು. ಒದ್ದೆ ಪತ್ರಿಕೆಯಷ್ಟು ನಿರುಪಯುಕ್ತವಾದದ್ದು ಮತ್ತೊಂದಿಲ್ಲ, ಅಂಕಣಗಳ ಪುಟವನ್ನೂ ಸೇರಿಸಿ.

ಅಪಘಾತದ ವಿಮೆಯುಳ್ಳವರು ಸಾಹಸಕ್ರೀಡೆಗಳನ್ನು ಅದರಿಂದ ಹೊರಗಿಟ್ಟಿದೆಯೇ ಎಂದೂ, ಹೊರಡಲಾಗದಿದ್ದರೆ ಶುಲ್ಕದಲ್ಲಿ ಎಷ್ಟು ಮರಳಿ ಬರುವುದೆಂದೂ ಹಣ ಕಟ್ಟುವ ಮುನ್ನವೇ ಓದಿಕೊಳ್ಳಬೇಕು. ಇನ್ನು ಉಳಿದದ್ದು ನಗದು. ಕಾಡಿನ ದಾರಿಯಲ್ಲಿ ಮೊಬೈಲಿನ ಸಿಗ್ನಲ್ಲು ಮಾಯವಾದೊಡನೆ ಯುಪಿಐ ಸಹ ಮೂಕವಾಗುವುದರಿಂದ, ಚಹಾದಂಗಡಿಗೆಂದು ಹತ್ತು, ಇಪ್ಪತ್ತರ ನೋಟುಗಳನ್ನೂ, ಕೊನೆಯ ದಿನ ಲಾರಿಯ ಚಾಲಕನಿಗೂ ಮೆಕ್ಯಾನಿಕ್ಕಿಗೂ ಕೊಡಬೇಕಾದ ಭಕ್ಷೀಸಿಗೆಂದು ಐನೂರರ ನೋಟುಗಳನ್ನೂ ಬೇರೆ ಬೇರೆಯಾಗಿ ಇಡುತ್ತೇನೆ. ಮೊದಲನೆಯವು ಅಂಗಿಯ ಬೆನ್ನಿನ ಜೇಬಿನಲ್ಲಿ, ಎರಡನೆಯವು ಕೊನೆಯ ದಿನದ ಗವಸಿನ ತಳದಲ್ಲಿ.