208 ವಾರದ ಲೆಕ್ಕ

ಕೆಲಸ ಹೋದ ದಿನ ನಾನು ಹೆದರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಅವಾಂತರಕ್ಕೆಲ್ಲ ಆ ಧೈರ್ಯವೇ ಮೂಲ. 2025ರ ಮಾರ್ಚ್ ಮೊದಲ ವಾರ ಮೆಲ್ಬರ್ನ್‌ನ ನಮ್ಮ ಕಂಪನಿ ಟೆಸ್ಟಿಂಗ್ ತಂಡವನ್ನೇ ಎತ್ತಿಹಾಕಿತು. ಟಾರ್ನೀಟ್‌ನ ಮನೆಗೆ ರೈಲಿನಲ್ಲಿ ವಾಪಸ್ ಬರುವಾಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಪಿಆರ್, ಅಂದರೆ ಕಾಯಂ ವಾಸದ ವೀಸಾ, ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಐದು ವರ್ಷ ದಾಟಿದೆ. ಸರ್ಕಾರದ ಭತ್ಯೆಗೆ ಹೊಸದಾಗಿ ಬಂದವರು ನಾಲ್ಕು ವರ್ಷ ಕಾಯಬೇಕು ಅನ್ನುತ್ತಾರೆ, ಅದೂ ಆಯಿತು. ನನಗೆ ಜಾಬ್‌ಸೀಕರ್ ಅನ್ನುವ ನಿರುದ್ಯೋಗ ಭತ್ಯೆ, ಆಗಷ್ಟೇ ಯೂನಿವರ್ಸಿಟಿ ಸೇರಿದ್ದ ಮಗನಿಗೆ ಯೂತ್ ಅಲೋವೆನ್ಸ್ ಅನ್ನುವ ಭತ್ಯೆ. ಮೂರ್ನಾಲ್ಕು ತಿಂಗಳು ಹೇಗೋ ತಳ್ಳಬಹುದು. ಹೆಂಡತಿಗೂ ಹಾಗೇ ಹೇಳಿದೆ. ಚೈಲ್ಡ್‌ಕೇರ್‌ನಲ್ಲಿ ವಾರಕ್ಕೆ ಮೂರು ದಿನ ದುಡಿಯುವ ಅವಳು, “ಯಾರನ್ನಾದರೂ ಕೇಳಿ ನೋಡ್ರೀ” ಅಂದಳು.

ಕೇಳಿದೆ. ಕೇಳಿದ್ದು ಸಿಡ್ನಿಯಲ್ಲಿರುವ ನನ್ನ ಷಡ್ಡಕರನ್ನು.

ನಮಗಿಂತ ಮೊದಲು ಈ ದೇಶಕ್ಕೆ ಬಂದು, ಯಾವ ಅಂಗಡಿಯಲ್ಲಿ ಸೋನಾ ಮಸೂರಿ ಅಗ್ಗ ಅನ್ನುವುದರಿಂದ ಹಿಡಿದು ತೆರಿಗೆ ಕಾನೂನಿನವರೆಗೆ ಎಲ್ಲಕ್ಕೂ ಉತ್ತರ ಇಟ್ಟುಕೊಂಡಿರುವ ನೆಂಟರು ಇಲ್ಲಿ ಪ್ರತಿ ಮನೆಗೂ ಒಬ್ಬರಿರುತ್ತಾರೆ. “ನೋಡಪ್ಪಾ, ಎರಡೇ ವರ್ಷ ಅದು. 2018ರಲ್ಲಿ ನನ್ನ ಕೆಲಸ ಹೋದಾಗ ತಕರಾರಿಲ್ಲದೆ ಕೊಟ್ಟರು. ಕೋವಿಡ್‌ನಲ್ಲಂತೂ ನಿನ್ನೆ ಬಂದವರಿಗೂ ಸಿಕ್ಕಿದೆ. ನೀನು ಐದು ವರ್ಷದವನು. ಅಡ್ಡ ಮಾತಾಡಿದರೆ ಬಿಡಬೇಡ, ಒತ್ತಿ ಕೇಳು” ಅಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವರ ಕಾಲಕ್ಕೆ ಕಾಯಬೇಕಿದ್ದುದು 104 ವಾರವೇ. 2019ರ ಜನವರಿ 1ರಿಂದ ಅದು 208 ಆಯಿತು. 2020ರಲ್ಲಿ ಕೋವಿಡ್ ಅಂತ ಸರ್ಕಾರ ಕೆಲ ಕಾಲ ಕಾಯುವಿಕೆಯನ್ನೇ ಕೈಬಿಟ್ಟಿದ್ದೂ ನಿಜ. ಆದರೆ ಅದೆಲ್ಲ ನನ್ನ ಕಥೆ ಅಲ್ಲವಲ್ಲ. “ಒತ್ತಿ ಕೇಳು” ಅನ್ನುವ ಮಾತೊಂದು ಮಾತ್ರ ನನ್ನ ತಲೆಯೊಳಗೆ ಗಟ್ಟಿಯಾಗಿ ಕೂತಿತು. ಹುಟ್ಟುಗುಣವೂ ಜೊತೆಗಿತ್ತು ಅನ್ನಿ.

ಮಾರ್ಚ್ 12ರ ಬುಧವಾರ ಆನ್‌ಲೈನಿನಲ್ಲಿ ಎರಡೂ ಅರ್ಜಿ ಹಾಕಿದೆವು. ಆಸ್ಟ್ರೇಲಿಯಾದಲ್ಲಿ ವಾಸ ಶುರು ಮಾಡಿದ್ದು ಯಾವಾಗ ಅಂತ ಕೇಳುವ ಕಡೆ ನಾನು ಹಿಂದೆಮುಂದೆ ನೋಡದೆ 2020ರ ಜನವರಿ 2 ಅಂತ ತುಂಬಿದೆ. ಮಗನದ್ದಕ್ಕೂ ಅದೇ ತಾರೀಕು ಹಾಕಿಸಿದೆ. ಅವನು ಒಮ್ಮೆ ನನ್ನ ಮುಖ ನೋಡಿದ. “ಹಾಕೋ, ಏನಾಗಲ್ಲ” ಅಂದೆ.

ಈ ಜನವರಿ 2ರ ಹಿನ್ನೆಲೆ, ಪಿಆರ್ ಮಾಡಿಸಿಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿದ್ದುಕೊಂಡೇ ವೀಸಾ ಪಡೆದವರು ಒಂದು ಗಡುವಿನೊಳಗೆ ಒಮ್ಮೆ ಬಂದು ಹೋಗಬೇಕು. “ವೀಸಾ ವ್ಯಾಲಿಡೇಟ್ ಮಾಡಿಸಿ ಬನ್ನಿ, ಅಲ್ಲಿಂದ ನಿಮ್ಮ ಲೆಕ್ಕ ಶುರು” ಅಂದಿದ್ದರು ಬೆಂಗಳೂರಿನ ಏಜೆಂಟರು. ಯಾವ ಲೆಕ್ಕ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂವರೂ ಬಂದೆವು. ಷಡ್ಡಕರ ವೆಂಟ್‌ವರ್ತ್‌ವಿಲ್ ಮನೆಯ ಹಾಲಿನಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದೆವು. ಕಾಡ್ಗಿಚ್ಚಿನ ಹೊಗೆ ಮುಚ್ಚಿದ್ದ ಆಕಾಶದ ಕೆಳಗೆ ಒಪೆರಾ ಹೌಸ್ ಮುಂದೆ ಫೋಟೋ ತೆಗೆಸಿಕೊಂಡೆವು. ಒಂದು ಬ್ಯಾಂಕ್ ಖಾತೆ ತೆರೆದು ಇನ್ನೂರು ಡಾಲರ್ ಹಾಕಿದೆ. 18ಕ್ಕೆ ವಾಪಸ್ ಹೊರಟೆವು, ಒಟ್ಟು ಹದಿನೇಳು ದಿನ. ಜೂನ್‌ನಲ್ಲಿ ಪೂರ್ತಿ ಬರುವ ಯೋಚನೆ. ಮಾರ್ಚ್‌ನಲ್ಲಿ ಗಡಿ ಮುಚ್ಚಿತು. ಪಿಆರ್ ಇದ್ದವರಿಗೆ ಕಾಗದದ ಮೇಲೆ ಅಡ್ಡಿ ಇರಲಿಲ್ಲ, ವಿಮಾನವೇ ಇರಲಿಲ್ಲ. 2021ರ ಮೇನಲ್ಲಂತೂ ಭಾರತದಿಂದ ಬರುವವರು ಇಲ್ಲಿನ ನಾಗರಿಕರಾದರೂ ಜೈಲು, ದಂಡ ಅಂತ ಎರಡು ವಾರ ಬಾಗಿಲು ಹಾಕಿದ್ದರು. ಕೊನೆಗೆ ನಾನೂ ನನ್ನವಳೂ ಮೆಲ್ಬರ್ನ್‌ನಲ್ಲಿ ಇಳಿದದ್ದು 2022ರ ಫೆಬ್ರವರಿ 9ಕ್ಕೆ. ಮಗ ಮೈಸೂರಿನಲ್ಲೇ ಅಜ್ಜಿ ತಾತನ ಹತ್ತಿರ ಉಳಿದು ಎರಡನೇ ಪಿಯು ಮುಗಿಸಿದ.

ಅರ್ಜಿಯ ತಾರೀಕು ತಾಳೆಯಾಗುತ್ತಿಲ್ಲ, ಬಂದು ವಿವರಿಸಿ ಅಂತ ಭತ್ಯೆ ಕೊಡುವ ಸೆಂಟರ್‌ಲಿಂಕ್ ಕಚೇರಿಯವರು ಕರೆದರು. ಮಗನನ್ನೂ ಕರೆದುಕೊಂಡು ಹೋದೆ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಪಾಸ್‌ಪೋರ್ಟುಗಳು, ವೀಸಾ ಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟು, ಮತ್ತೆ, ಈಗ ನೆನೆಸಿಕೊಂಡರೆ ನನಗೇ ಮುಜುಗರ, ಒಪೆರಾ ಹೌಸಿನ ಫೋಟೋ ಪ್ರಿಂಟ್ ಹಾಕಿಸಿದ್ದು.

ಮೇಜಿನ ಆಚೆ ಕೂತಿದ್ದ ಹೆಣ್ಣುಮಗಳಿಗೆ ನನ್ನ ಅಣ್ಣನ ಮಗಳ ವಯಸ್ಸು. ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. ಅದೇ ನನಗೆ ಕಷ್ಟವಾದದ್ದು. ಜಗಳಕ್ಕೆ ಸಿದ್ಧನಾಗಿ ಹೋದವನಿಗೆ ಎದುರಿಗೆ ಜಗಳವಾಡುವವರೇ ಇಲ್ಲದಿದ್ದರೆ ಏನು ಮಾಡುವುದು?

“ಇಲ್ಲಿ ವಾಸ ಶುರು ಮಾಡಿದ್ದು ಯಾವಾಗ?”

“ನನಗೆ ಪಿಆರ್ ಆಗಿದ್ದೇ 2019ರಲ್ಲಿ.”

“ವೀಸಾ ಬಂದ ದಿನ ಕೇಳಲಿಲ್ಲ. ವಾಸ ಶುರುವಾದ ದಿನ.”

“2020, ಜನವರಿ 2.”

“ಆಗ ಎಲ್ಲಿ ಉಳಿದಿದ್ದಿರಿ? ಬಾಡಿಗೆ ಕರಾರು ಇತ್ತೇ? ಮಗನನ್ನು ಶಾಲೆಗೆ ಸೇರಿಸಿದಿರಾ? ಊರಿನ ಕೆಲಸ ಬಿಟ್ಟು ಬಂದಿದ್ದಿರಾ? ಟಿಕೆಟ್ ಒಂದು ಕಡೆಯದೋ, ಹೋಗಿ ಬರುವುದೋ?”

ಎಲ್ಲಕ್ಕೂ ಉತ್ತರ ಒಂದೇ ದಿಕ್ಕಿಗೆ ಹೋಗುತ್ತಿದೆ ಅಂತ ನನಗೂ ಗೊತ್ತಾಗುತ್ತಿತ್ತು. ಆದರೂ ಬ್ಯಾಂಕ್ ಖಾತೆ ಮುಂದಿಟ್ಟೆ. ಎರಡು ವರ್ಷ ಆ ಇನ್ನೂರು ಡಾಲರ್ ಅಲ್ಲಾಡಿಲ್ಲವಲ್ಲ ಅಂದಳು. ಫೋಟೋ ಇಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, “ಚೆನ್ನಾಗಿ ಬಂದಿದೆ” ಅಂದು ವಾಪಸ್ ಕೊಟ್ಟಳು. ಕುತ್ತಿಗೆಗೆ ಕ್ಯಾಮೆರಾ, ತಲೆಗೆ ಹೊಸ ಟೋಪಿ, ಮೂವರ ಮುಖದಲ್ಲೂ ಪ್ರವಾಸದ ಕಳೆ. ವಾಸಕ್ಕಲ್ಲ, ನೋಡಲು ಬಂದಿದ್ದೆವು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ, ಅದನ್ನು ನಾನೇ ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಿ ಒಯ್ದಿದ್ದೆ.

ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ವಿಮಾನ ನಿಲ್ದಾಣದ ದಾಖಲೆ ಅಲ್ಲೇ ಇತ್ತು. ಈ ದೇಶದವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತದೆ ಕಳಿಸುತ್ತಾರೆ, ಹಾಗಾಗಿ ಲೆಕ್ಕ ಇಟ್ಟಿಲ್ಲ ಅಂತ ನಾವಂದುಕೊಳ್ಳುತ್ತೇವೆ. ಒಂದೊಂದು ದಿನವೂ ಇತ್ತು. 2023ರ ಮೇ 20ಕ್ಕೆ ಹೊರಟದ್ದು, ಅಕ್ಟೋಬರ್ 14ಕ್ಕೆ ಬಂದದ್ದು. 147 ದಿನ, ಸರಿಯಾಗಿ 21 ವಾರ. “ಇದು ಯಾಕೆ ಹೋಗಿದ್ದು?” ಅಂದಳು.

ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಆಗಸ್ಟ್‌ನಲ್ಲಿ ಹೋದರು. ವೈಕುಂಠ ಸಮಾರಾಧನೆ, ಆಮೇಲೆ ಬ್ಯಾಂಕು, ಖಾತೆ ಬದಲಾವಣೆ, ಅಮ್ಮನನ್ನು ಒಬ್ಬಳನ್ನೇ ಬಿಡುವುದು ಹೇಗೆ ಅಂತ ಎರಡು ತಿಂಗಳು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಮೂರು ವಾಕ್ಯಕ್ಕೆ ಮುಗಿದುಹೋಯಿತು. ಅವಳು ನಿಜವಾಗಿಯೂ ನೊಂದುಕೊಂಡು ಸಂತಾಪ ಹೇಳಿದಳು. ಹೇಳಿ, ಆ 21 ವಾರ ಕಳೆದಳು. “ಆಗ ನೀವು ಇಲ್ಲಿನ ನಿವಾಸಿಯೇ. ಮನೆ ಇತ್ತು, ಪತ್ನಿ ಇಲ್ಲೇ ಇದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ದೇಶದೊಳಗೆ ಇರಲಿಲ್ಲ. ಎರಡೂ ಒಟ್ಟಿಗೆ ಇರಬೇಕು.”

ಆ ಒಂದು ಮಾತಿನಲ್ಲಿ ಇಡೀ ಕಾನೂನು ಇತ್ತು. 2020ರ ಜನವರಿಯಲ್ಲಿ ನಾನು ದೇಶದೊಳಗಿದ್ದೆ, ನಿವಾಸಿಯಾಗಿರಲಿಲ್ಲ. 2023ರಲ್ಲಿ ನಿವಾಸಿಯಾಗಿದ್ದೆ, ದೇಶದೊಳಗಿರಲಿಲ್ಲ. 1991ರ ಇಲ್ಲಿನ ಸಾಮಾಜಿಕ ಭದ್ರತಾ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ, ಒಬ್ಬರು ಇಲ್ಲಿ ವಾಸವಿದ್ದಾರೋ ಇಲ್ಲವೋ ಅನ್ನುವುದಕ್ಕೆ ಏನೇನು ನೋಡಬೇಕು ಅಂತ ಬರೆದೇ ಇದೆ: ಇರುವ ಮನೆ ಎಂಥದ್ದು, ಸಂಸಾರ ಎಲ್ಲಿದೆ, ಕೆಲಸ ವ್ಯವಹಾರ ಎಲ್ಲಿ, ಆಸ್ತಿ ಎಲ್ಲಿ, ಎಷ್ಟು ಸಲ ಎಷ್ಟು ದಿನ ಹೊರಗೆ ಹೋಗುತ್ತಾರೆ, ಇಲ್ಲೇ ನೆಲೆಸುವ ಇರಾದೆ ಇದೆಯೇ. ಅವಳು ಕೇಳಿದ್ದು ಇವನ್ನೇ. ನಾನು ಅದನ್ನು ಪೊಲೀಸ್ ವಿಚಾರಣೆ ಅಂದುಕೊಂಡೆ.

ಅಲ್ಲಿಗಾದರೂ ಏಳಬೇಕಿತ್ತು. ಷಡ್ಡಕರ ಮಾತು ನೆನಪಾಯಿತು. ನನಗೆ ರೆಸಿಡೆಂಟ್ ರಿಟರ್ನ್ ವೀಸಾ ಐದು ವರ್ಷಕ್ಕೆ ಕೊಟ್ಟಿದ್ದಾರೆ, ಸರ್ಕಾರವೇ ನಿವಾಸಿ ಅಂದಮೇಲೆ ನೀವ್ಯಾರು ಅಂದೆ. ಅದಕ್ಕೆ ಕಳೆದ ಐದು ವರ್ಷದಲ್ಲಿ ಎರಡು ವರ್ಷ ಇಲ್ಲಿದ್ದರೆ ಸಾಕು, ಅದು ಬೇರೆ ಇಲಾಖೆಯ ಬೇರೆ ಲೆಕ್ಕ ಅಂದಳು. ಭಾರತದ ಜೊತೆ ಒಪ್ಪಂದ ಇದೆಯಲ್ಲ ಅಂದೆ. ಇದೆ, ಅದು ವೃದ್ಧಾಪ್ಯ ಪಿಂಚಣಿಗೆ, ನಿರುದ್ಯೋಗ ಭತ್ಯೆಗಲ್ಲ. ಹಾಗಾದರೆ ಆ ಹದಿನೇಳು ದಿನವನ್ನಾದರೂ ಸೇರಿಸಿ ಅಂದೆ. ದನಿ ಏರಿತ್ತು ಅಂತ ಕಾಣುತ್ತದೆ, ಪಕ್ಕದ ಮೇಜಿನಲ್ಲಿದ್ದವರು ತಿರುಗಿ ನೋಡಿದರು.

ಮಗ ಆವರೆಗೆ ಒಂದು ಮಾತೂ ಆಡಿರಲಿಲ್ಲ. ಅವಳು ಅವನ ಕಡೆ ತಿರುಗಿ ಅಷ್ಟೇ ಮೃದುವಾಗಿ, “ನಿಮ್ಮ ವಾಸ 2024ರ ಜೂನ್ 16ಕ್ಕೆ ಶುರು, ಅಲ್ಲವೇ?” ಅಂದಳು. ಅವನು “ಹೌದು” ಅಂದ. ಸುಮ್ಮನೆ, ತಟ್ಟನೆ. 38 ವಾರ, ಚಿಲ್ಲರೆ ದಿನ. ಅವನ 208 ವಾರ ತುಂಬುವುದು 2028ರ ಜೂನ್‌ಗೆ. ಅಷ್ಟರಲ್ಲಿ ಡಿಗ್ರಿಯೇ ಮುಗಿದಿರುತ್ತದೆ. ಆಮೇಲೆ ನನ್ನ ತೋಳು ಮುಟ್ಟಿ, “ಅಪ್ಪ, ಸಾಕು ಏಳಿ” ಅಂದ.

ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಅವನ ಮೊದಲ ಸೆಮಿಸ್ಟರಿನ ಶುಲ್ಕ ಆ ತಿಂಗಳ ಕೊನೆಯೊಳಗೆ ಕಟ್ಟಬೇಕಿತ್ತು. ಪಿಆರ್ ಇರುವ ವಿದ್ಯಾರ್ಥಿಗಳಿಗೆ ಸರ್ಕಾರದ ಸೀಟು ಸಿಗುತ್ತದೆ, ಆಮೇಲೆ ತೀರಿಸುವ ಸಾಲ ಸಿಗುವುದಿಲ್ಲ. ಕೈಯಿಂದ ಮೊದಲೇ ಕಟ್ಟಬೇಕು. ಅದೂ ನನಗೆ ಪ್ರವೇಶ ಸಿಕ್ಕ ಮೇಲೆ ಗೊತ್ತಾದ ಸಂಗತಿ.

ಆ ರಾತ್ರಿ ಪಾಸ್‌ಪೋರ್ಟಿನಲ್ಲಿ ಬೆಂಗಳೂರಿನ ಮುದ್ರೆಗಳನ್ನು ಹುಡುಕುತ್ತಾ ಕೂತೆ. ಅವರ ದಾಖಲೆಯಲ್ಲಿ ಒಂದು ದಿನವಾದರೂ ತಪ್ಪಿರಲಿ ಅನ್ನುವ ಆಸೆ. 2023ರ ಮುದ್ರೆಯ ಶಾಯಿ ಕದಡಿ, 20ನೋ 26ನೋ ತಿಳಿಯಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಹಳೆಯ ಕ್ಯಾಲೆಂಡರುಗಳನ್ನು ಬಿಸಾಡದೆ ಮೊಳೆಗೆ ಒಂದರ ಮೇಲೊಂದು ನೇತುಹಾಕುವ ಅಭ್ಯಾಸ ಅವಳದು, ಹಾಲಿನ ಲೆಕ್ಕ ಅದರಲ್ಲೇ. ಕನ್ನಡಕ ಹುಡುಕಿ, ಹಾಳೆ ಸರಿಸಿ ಓದಿದಳು. “ಮೇ 21ರಿಂದ ಒಂದೂವರೆ ಲೀಟರ್ ಬರೆದಿದೀನಿ ಕಣೋ. ಅವತ್ತು ಬೆಳಿಗ್ಗೆ ನೀನು ಬಂದೆ. ಅಕ್ಟೋಬರ್ 13ರಿಂದ ಮತ್ತೆ ಒಂದು ಲೀಟರ್.” ಹೊರಟ ಮಾರನೇ ದಿನ ಮೈಸೂರು ಸೇರಿದ್ದೆ, ಅಲ್ಲಿಂದ ಬಿಟ್ಟ ಮಾರನೇ ದಿನ ಇಲ್ಲಿ ಇಳಿದಿದ್ದೆ. ಎರಡು ದೇಶದ ಲೆಕ್ಕವೂ ಕೂಡಿತು. “ಯಾಕೋ, ಏನಾಯ್ತು?” ಅಂದಳು. ಏನಿಲ್ಲ ಅಂದೆ.

ಹೆಂಡತಿ ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಮೂವರದ್ದೂ ಬರೆದಳು. ಅರ್ಜಿಯ ದಿನಕ್ಕೆ ಅವಳದ್ದು 161 ವಾರ, ಅವಳು ಹೊರಗೆ ಹೋಗಿರಲೇ ಇಲ್ಲ. ನನ್ನದು ಅಪ್ಪನ 21, ಮಗನನ್ನು ಕರೆತರಲು ಹೋದ 2, ಕಳೆದು 138. ಒಂದೇ ವೀಸಾ, ಒಂದೇ ಮನೆ, ಮೂರು ಲೆಕ್ಕ. ಅವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನನ್ನನ್ನು ಹಂಗಿಸಲಿಕ್ಕೇ ಅಂತ ನನ್ನ ಅನುಮಾನ.

ಇಷ್ಟಾದ ಮೇಲೂ ನಾನು ಮರುಪರಿಶೀಲನೆಗೆ ಬರೆದೆ. ನಿರ್ಧಾರ ತಿಳಿದ 13 ವಾರದೊಳಗೆ ಕೇಳಿದರೆ, ಗೆದ್ದ ಪಕ್ಷದಲ್ಲಿ ಮೊದಲ ನಿರ್ಧಾರ ಜಾರಿಯಾದ ದಿನದಿಂದಲೇ ಕೊಡುತ್ತಾರೆ. ನನ್ನ ಮೂರು ಪುಟದ ಪತ್ರದಲ್ಲಿ ಎರಡೂವರೆ ಪುಟ ಆ ಹದಿನೇಳು ದಿನದ ಮೇಲೆ. ಪರಿಶೀಲಿಸಿದ ಅಧಿಕಾರಿ ಫೋನ್ ಮಾಡಿ ತಾಳ್ಮೆಯಿಂದ ಹೇಳಿದರು: ಒಂದು ವೇಳೆ ಆ ದಿನಗಳನ್ನು ಪೂರ್ತಿ ಸೇರಿಸಿಕೊಟ್ಟರೂ ನಿಮ್ಮದು 140 ವಾರ ಮೂರು ದಿನ ಆಗುತ್ತದೆ, ಇನ್ನೂ 67 ವಾರಕ್ಕೂ ಹೆಚ್ಚು ಕೊರತೆ. ಯಾವುದಕ್ಕಾಗಿ ಜಗಳ ಅಂತ ಅವರು ಕೇಳಲಿಲ್ಲ. ಮುಂದೆ ಟ್ರಿಬ್ಯುನಲ್ಲಿಗೆ ಹೋಗುವ ಹಕ್ಕಿದೆ ಅಂತಲೂ ತಿಳಿಸಿದರು. ಹೋಗಲಿಲ್ಲ.

ಬೇರೆಯವರಾದರೂ ಉಳಿಯಲಿ ಅಂತ ನಾಲ್ಕು ಮಾತು. ಸೆಂಟರ್‌ಲಿಂಕ್ ಕೊಡುವ ಭತ್ಯೆಗಳನ್ನು ನಂಬಿಕೊಂಡಿದ್ದರೆ ಮೊದಲು ನಿಮ್ಮ ಪ್ರಯಾಣದ ದಾಖಲೆಯನ್ನು ಗೃಹ ವ್ಯವಹಾರ ಇಲಾಖೆಯಿಂದ ತರಿಸಿಕೊಳ್ಳಿ, ಕೇಳಿದರೆ ಕೊಡುತ್ತಾರೆ. ಮನೆಯ ಪ್ರತಿಯೊಬ್ಬರದ್ದೂ ಬೇರೆ ಬೇರೆ ಎಣಿಸಿ. ಊರಿಗೆ ಹೋದ ವಾರಗಳು ಕಾರಣ ಏನೇ ಇದ್ದರೂ ಸೇರುವುದಿಲ್ಲ. ನಿರಾಶ್ರಿತರಾಗಿ ಬಂದವರಿಗೆ ಈ ಕಾಯುವಿಕೆ ಇಲ್ಲ, ಅವರ ಮಾತು ಕೇಳಿ ನಿಮ್ಮದನ್ನು ಅಂದಾಜಿಸಬೇಡಿ. ಸ್ಪೆಷಲ್ ಬೆನಿಫಿಟ್ ಅಂತ ಒಂದಿದೆ, ಬಂದಮೇಲೆ ನಿಮ್ಮ ಕೈಮೀರಿ ಪರಿಸ್ಥಿತಿ ತೀರಾ ಬದಲಾಗಿದ್ದರೆ ಕೇಳಬಹುದು. ಕೆಲಸ ಸಿಗುತ್ತಿಲ್ಲ ಅನ್ನುವುದೊಂದೇ ಸಾಲದು. ಉಚಿತ ಕಾನೂನು ಸಲಹೆ ಕೊಡುವವರಿದ್ದಾರೆ, ಅರ್ಜಿಗೆ ಮೊದಲು ಹೋಗಿ. ಷಡ್ಡಕರ ಹತ್ತಿರ ಅಕ್ಕಿಯ ದರ ಕೇಳಿ.

ಜುಲೈನಲ್ಲಿ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ಮಗ ಶನಿವಾರ, ಭಾನುವಾರ ಪಿಜ್ಜಾ ಅಂಗಡಿಗೆ ಹೋಗುತ್ತಾನೆ. ಶುಲ್ಕಕ್ಕೆ ನನ್ನವಳ ಎರಡು ಬಳೆ ಹೋದವು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಭತ್ಯೆ ಈಗ ಬೇಕಿಲ್ಲ. ಆದರೂ ಫ್ರಿಜ್ಜಿನ ಮೇಲಿನ ಹಾಳೆ ಹಾಗೇ ಇದೆ, ಪ್ರತಿ ಬುಧವಾರ ಕೆಲಸದಿಂದ ಬಂದು ನನ್ನ ಗೆರೆಯಲ್ಲಿ ಒಂದು ಕಡ್ಡಿ ಎಳೆಯುತ್ತೇನೆ. ದೇಶ ಬಿಡದೆ ಇದ್ದರೆ 2026ರ ಜುಲೈ 15ಕ್ಕೆ ತುಂಬುತ್ತದೆ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ದೀಪಾವಳಿಗೆ ಬರುತ್ತೀಯಾ ಅಂದಳು. ನೋಡೋಣ ಅಂದೆ. “ಬಂದರೆ ಎಷ್ಟು ದಿನ ಇರ್ತೀಯ ಅಂತ ಮುಂಚೆನೇ ಹೇಳು, ಹಾಲಿನವನಿಗೆ ಹೇಳಬೇಕು” ಅಂದಳು.