ಪರೀಕ್ಷೆಯ ಫಲವೂ ಗೃಹಸ್ಥರ ಕರ್ತವ್ಯವೂ

ಮನೆಯ ಬಾಗಿಲಿಗೆ ಬಂದವನ ಕುಲಮೂಲವನ್ನು ಕೇಳಿ ಅಳೆಯದೆ, ಅವನನ್ನು ಮನೆಯ ಮಗನೆಂದೇ ಬಗೆದು ಬರಮಾಡಿಕೊಳ್ಳಬೇಕೆಂಬುದು ಬಸವಣ್ಣನವರ ಬೋಧೆ. ಇದನ್ನು ಅರಿಯದ ಸದ್ಭಕ್ತರು ವಿರಳ. ಸಭೆಗಳಲ್ಲಿ ಅದನ್ನು ಹಾಡುತ್ತಾರೆ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಆದರೆ ಅದು ಹೊರಗಿನಿಂದ ಬಂದ ಅತಿಥಿಗೆ ಮಾತ್ರ ಸಂಬಂಧಿಸಿದ್ದೆಂದು ಸಾಮಾನ್ಯವಾದ ತಿಳಿವಳಿಕೆ. ವರ್ಷದಲ್ಲಿ ಒಂದು ದಿನ, ಅದೇ ಮನೆಯಲ್ಲಿ ಹುಟ್ಟಿ ಬೆಳೆದ ಮಗನೋ ಮಗಳೋ ಪರಕೀಯರಂತೆ ಹೊಸ್ತಿಲ ಹೊರಗೆ ನಿಂತು, ಒಳಗಿನವರು ತನ್ನನ್ನು ತಮ್ಮವರೆನ್ನುವರೋ ಇಲ್ಲವೋ ಎಂದು ಅಂಜುವ ಪ್ರಸಂಗ ಬರುತ್ತದೆ. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನವೇ ಅದು.

ಹಾವೇರಿ ಜಿಲ್ಲೆಯ ಒಂದು ಗ್ರಾಮದ ಗೃಹಸ್ಥರೊಬ್ಬರ ಮನೆಯನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು. ಒಂದು ಕಿರಾಣಿ ಅಂಗಡಿ, ನಾಲ್ಕು ಎಕರೆ ಹೊಲ. ತಾಯಿ, ಪತ್ನಿ, ಒಬ್ಬ ಮಗಳು, ಒಬ್ಬ ಮಗ. ಮಗನು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದ. ಅವನು ಇಂಜಿನಿಯರ್ ಆಗುವನೆಂದು ತಂದೆ ಎರಡು ವರ್ಷಗಳಿಂದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದರು. 2025ರ ಏಪ್ರಿಲ್ 8ರಂದು ಫಲಿತಾಂಶ ಪ್ರಕಟವಾಯಿತು. ಮಗನು ಗೆಳೆಯನ ಮೊಬೈಲಿನಲ್ಲಿ ತನ್ನ ಸಂಖ್ಯೆಯನ್ನು ಒತ್ತಿ ನೋಡಿದ, ಭೌತಶಾಸ್ತ್ರದಲ್ಲಿ ತೇರ್ಗಡೆಯಾಗಿರಲಿಲ್ಲ. ತನ್ನ ಮೊಬೈಲನ್ನು ಆರಿಸಿಟ್ಟು ಅವನು ಹೊಲದ ಕಡೆಗೆ ಹೋದವನು ಮನೆಗೆ ಬರಲಿಲ್ಲ.

ಇತ್ತ ಅಂಗಡಿಯಲ್ಲಿ ತಂದೆಯ ಪಾಡು ಬೇರೆ. ಉಪ್ಪು ಸಕ್ಕರೆಗೆ ಬಂದವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ. ಬಂಧುಗಳ ಕರೆಗಳು, ಬೀಗರ ಮಗಳಿಗೆ ಶೇಕಡಾ 94 ಎಂಬ ಸುದ್ದಿ. ಕುಲವನ್ನು ಕೇಳಬಾರದೆಂದು ಎಂಟುನೂರು ವರ್ಷಗಳಿಂದ ಕಲಿತುಬಂದ ಸಮಾಜ ಅಂಕವನ್ನು ಕೇಳಲು ಮಾತ್ರ ಎಷ್ಟು ಬೇಗ ಕಲಿತುಬಿಟ್ಟಿತು! ಊರಿನ ವೃತ್ತದಲ್ಲಿ ಮೇಲಂಕ ಪಡೆದ ಮಕ್ಕಳ ಭಾವಚಿತ್ರವುಳ್ಳ ಫ್ಲೆಕ್ಸುಗಳು ಮರುದಿನವೇ ಏಳುತ್ತವೆ. ಅವುಗಳಲ್ಲಿ ಮುಖವಿಲ್ಲದ ಮಕ್ಕಳು ಅದೇ ದಾರಿಯಲ್ಲಿ ತಲೆತಗ್ಗಿಸಿ ನಡೆದುಹೋಗುವುದನ್ನು ಯಾರೂ ಲೆಕ್ಕಿಸುವುದಿಲ್ಲ. ಆ ತಂದೆಯೂ ಸಂಜೆಯವರೆಗೆ ಮಗನಿಗೆ ಆಡಬೇಕಾದ ಕಟುನುಡಿಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ಜೋಡಿಸುತ್ತಲೇ ಇದ್ದರು.

ಹೊತ್ತು ಮುಳುಗುವಾಗ ಅವರು ಹೊಲಕ್ಕೆ ಹೋದರು. ಮಗನು ಪಂಪಿನ ಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಅವನಿಂದ ಎರಡು ಮಾರು ದೂರದಲ್ಲಿ, ಹತ್ತಿಗೆ ಹೊಡೆಯಲು ತಂದು ಉಳಿದ ಔಷಧಿಯ ಡಬ್ಬಿಗಳು ಮೂಲೆಯಲ್ಲಿದ್ದವು. ಮಗನು ಅವುಗಳ ಕಡೆಗೆ ನೋಡಿದ್ದನೋ ಇಲ್ಲವೋ ತಿಳಿಯದು. ತಂದೆ ನೋಡಿದರು. ಜೋಡಿಸಿಟ್ಟ ಮಾತುಗಳೆಲ್ಲ ಅಲ್ಲಿಯೇ ಉಡುಗಿಹೋದವು. ಬಾಯಿಂದ ಬಂದುದು ಇಷ್ಟೇ: “ತಮ್ಮಾ, ಮುಂಜಾನಿಂದ ಏನೂ ಉಂಡಿಲ್ಲ ನೀ. ನಡಿ, ಮನಿಗೆ ಹೋಗೂಣು.”

ಮನೆಗೆ ಬಂದಾಗ ಮಗನ ಸೋದರಮಾವ ಕಾದು ಕುಳಿತಿದ್ದರು. ಎಷ್ಟು ಅಂಕ ಬಂದವೆಂದು ಕೇಳಲು ಬಾಯಿ ತೆರೆದರು. ಅಜ್ಜಿ ಅವರನ್ನು ತಡೆದು, “ಹುಡುಗ ಉಣ್ಣಾಕತ್ತಾನ. ಮಾತು ನಾಳಿಗೆ ಇರಲಿ” ಎಂದರು. ಆ ರಾತ್ರಿ ಆ ಮನೆಯಲ್ಲಿ ಅಂಕದ ಮಾತು ಬರಲಿಲ್ಲ. ಆ ಅಜ್ಜಿ ಓದುಬರಹ ಬಲ್ಲವರಲ್ಲ. ಆದರೆ ಬಸವಣ್ಣನವರ ಆ ಬೋಧೆಯನ್ನು ಅಂದು ನಡೆಸಿ ತೋರಿಸಿದವರು ಅವರೇ.

ಪ್ರತಿವರ್ಷ ಈ ದಿನಗಳಲ್ಲಿ ಕೆಲವು ಎಳೆಯ ಜೀವಗಳು ತಾವಾಗಿಯೇ ನಂದಿಹೋಗುವ ವಾರ್ತೆ ಬರುತ್ತಿರುವುದರಿಂದ ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಫಲಿತಾಂಶದ ದಿನ ಮಗು ಎಲ್ಲಿದೆಯೆಂಬುದು ಮನೆಯವರಿಗೆ ಗೊತ್ತಿರಬೇಕು. ಅದನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ತಂದ ವಿಷವನ್ನು ಬೀಗ ಹಾಕಿ ಇಡಬೇಕು. ಇದು ಬರಿಯ ಫಲಿತಾಂಶದ ದಿನದ ನಿಯಮವಲ್ಲ, ಒಕ್ಕಲುಮನೆಗೆ ನಿತ್ಯದ ನಿಯಮ. ಮಗು ಅನ್ನ ನಿದ್ರೆಗಳನ್ನು ತೊರೆದರೆ, ತಾನು ಮನೆಗೆ ಭಾರವೆಂದು ನುಡಿದರೆ, ತನ್ನ ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಡತೊಡಗಿದರೆ, ಸಾಯುವ ವಿಚಾರ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳಿದರೆ ಇಲ್ಲದ ವಿಚಾರ ಹುಟ್ಟೀತೆಂಬ ಅಂಜಿಕೆ ಹಲವರಲ್ಲಿದೆ. ಅದು ನಿಜವಲ್ಲವೆಂದೂ, ಕೇಳುವುದರಿಂದ ಮನದ ಭಾರ ಇಳಿಯುವುದೆಂದೂ ವೈದ್ಯರು ಹೇಳುತ್ತಾರೆ. 2022ರ ಅಕ್ಟೋಬರದಲ್ಲಿ ಭಾರತ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯಿದೆ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾಸಿನ ಖರ್ಚಿಲ್ಲ. ಜ್ವರ ಬಂದಾಗ ವೈದ್ಯರ ಬಳಿಗೆ ಹೋಗಲು ನಾಚದವರು ಇದಕ್ಕೂ ನಾಚಬೇಕಾಗಿಲ್ಲ.

ಮರುದಿನದ ಮಾತಿಗೆ ಬರೋಣವೆಂದರೆ, ಅದೂ ಸುಲಭದ್ದಾಗಿರಲಿಲ್ಲ. ಶರಣರ ಮಾರ್ಗದಲ್ಲಿ ವಿದ್ಯಾರ್ಥಿಗೆ ಓದೇ ಕಾಯಕ. ಕಾಯಕದಲ್ಲಿ ತಪ್ಪಿದವನನ್ನು ಸುಮ್ಮನೆ ಬಿಡುವುದು ದಯೆಯಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಹಗ್ಗ ಹೊಸೆಯುವ ಕೆಲಸವನ್ನು ನಿಲ್ಲಿಸಲಿಲ್ಲವೆಂಬ ಕಥೆಯನ್ನು ಶರಣಸಮೂಹ ಮತ್ತೆ ಮತ್ತೆ ನೆನೆಯುತ್ತದೆ. ಕಾಯಕಕ್ಕೆ ಅಷ್ಟು ಗೌರವ. ಆದುದರಿಂದ ಎಲ್ಲಿ ತಪ್ಪಿತೆಂದು ವಿಚಾರಿಸಲೇಬೇಕು. ಆದರೆ ವಿಚಾರಿಸುವುದು ಬೇರೆ, ವಿಚಾರಣೆ ನಡೆಸುವುದು ಬೇರೆ. ತಂದೆ ಕೇಳಿದ ರೀತಿಯಿಂದಲೋ, ಹಿಂದಿನ ರಾತ್ರಿಯ ಊಟದ ಬಲದಿಂದಲೋ, ಮಗನು ಎರಡು ವರ್ಷ ಮುಚ್ಚಿಟ್ಟಿದ್ದ ಮಾತನ್ನು ಹೊರಗಿಟ್ಟ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಅವನು. ಪಿಯುಸಿಯಲ್ಲಿ ಉಪನ್ಯಾಸವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳು ಭೌತಶಾಸ್ತ್ರದ ಮಾತೇ ತಲೆಗೆ ಹೋಗಿರಲಿಲ್ಲ. ಎದ್ದುನಿಂತು ಕೇಳಲು ನಾಚಿಕೆ. ಮನೆಯಲ್ಲಿ ಹೇಳಲು ಅಂಜಿಕೆ, ಏಕೆಂದರೆ ತಂದೆ ಆಗಲೇ ಊರಿಗೆಲ್ಲ ಇಂಜಿನಿಯರನ ತಂದೆಯಾಗಿದ್ದರು. ಹಳ್ಳಿಯ ಎಷ್ಟೋ ಮಕ್ಕಳ ಸೋಲಿನ ಮೂಲ ಇಲ್ಲಿಯೇ ಇರುತ್ತದೆ. ಮನೆಯವರು ಮಾತ್ರ ಅದನ್ನು ಮೊಬೈಲಿನಲ್ಲಿಯೂ ಸೋಮಾರಿತನದಲ್ಲಿಯೂ ಹುಡುಕುತ್ತಾರೆ.

ಕಾಲೇಜಿನ ಉಪನ್ಯಾಸಕರಲ್ಲಿಗೆ ತಂದೆ ಮಗ ಇಬ್ಬರೂ ಹೋದರು. ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕುವುದಿದ್ದರೆ ಗಡುವಿನೊಳಗೆ ಹಾಕಿರಿ, ಆದರೆ ಅದರ ದಾರಿ ಕಾಯುತ್ತ ಕೂಡಬೇಡಿರೆಂದು ಅವರು ಹೇಳಿದರು. 2024ರಿಂದ ರಾಜ್ಯದಲ್ಲಿ ಮೊದಲ ಪರೀಕ್ಷೆಯ ಬೆನ್ನಿಗೇ ಅದೇ ವರ್ಷ ಮತ್ತೆ ಪರೀಕ್ಷೆ ನಡೆಸುವ ಕ್ರಮ ಬಂದಿದೆ. ನಪಾಸಾದವನೆಂಬ ಹಣೆಪಟ್ಟಿಯೊಂದಿಗೆ ಒಂದು ವರ್ಷ ಕಳೆಯಬೇಕಾಗಿಲ್ಲ. 2025ರಲ್ಲಿ ಎರಡನೆಯ ಪರೀಕ್ಷೆ ಏಪ್ರಿಲ್ 24ಕ್ಕೆ ಆರಂಭವಾಗುವುದಿತ್ತು. ಅದಕ್ಕೂ ಮೊದಲು, ಏಪ್ರಿಲ್ 16 ಮತ್ತು 17ರಂದು ಸಿಇಟಿ. ಫಲಿತಾಂಶದಿಂದ ಸಿಇಟಿಗೆ ಎಂಟು ದಿನ, ಮರುಪರೀಕ್ಷೆಗೆ ಹದಿನಾರು ದಿನ.

ಈ ಹದಿನಾರು ದಿನಗಳೇ ನಿಜವಾದ ಪರೀಕ್ಷೆಯ ದಿನಗಳಾದವು. ಮಗನಿಗಿಂತ ಮನೆಯವರಿಗೆ ಹೆಚ್ಚು. ತಂದೆ ದಿನಕ್ಕೆ ಹತ್ತು ಸಲ “ಓದಿದಿಯೇನು?” ಎಂದು ಕೇಳುವುದನ್ನು ಬಿಡಬೇಕಾಯಿತು. ಬಿಡುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ, ಹೇಳಲು ಬಾಯಿ ತುರಿಸಿದಾಗಲೆಲ್ಲ ಎದ್ದು ಅಂಗಡಿಗೆ ಹೋಗುತ್ತಿದ್ದರು. ಮಗಳು ಪಕ್ಕದ ಊರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಳು, ಬೆಳಗ್ಗೆ ಒಂದು ತಾಸು ತಮ್ಮನ ಜೊತೆ ಕುಳಿತು ಭೌತಶಾಸ್ತ್ರದ ಒಂದೊಂದು ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದಳು. ಪರೀಕ್ಷೆಗಳ ನಡುವೆಯೇ ಏಪ್ರಿಲ್ 30ರಂದು ಬಸವ ಜಯಂತಿ ಬಂದಿತು. ಮೆರವಣಿಗೆಗೆ ಹೋಗಲೋ ಬೇಡವೋ ಎಂದು ಮಗನು ಕೇಳಿದಾಗ ಅಜ್ಜಿ, ಓದು ಮುಗಿದಿದ್ದರೆ ಹೋಗು, ಮುಗಿಯದಿದ್ದರೆ ಬಸವಣ್ಣ ಸಿಟ್ಟಾಗುವುದಿಲ್ಲ ಎಂದರಂತೆ.

ಪ್ರವೇಶದ ವಿಷಯದಲ್ಲಿ ಆ ಮನೆಯಲ್ಲಿ ಒಂದು ಜಗಳವಾಯಿತು. ಅದನ್ನು ಹೇಳದೆ ಬಿಟ್ಟರೆ ದೃಷ್ಟಾಂತ ಅರ್ಧವಾಗುತ್ತದೆ. ಸಿಇಟಿಯಲ್ಲಿ ಮಗನ ಶ್ರೇಯಾಂಕ ಕೆಳಗೆ ಹೋಗುವುದೆಂದು ತಂದೆಗೆ ಖಚಿತವಾಗಿತ್ತು. ಇಂಜಿನಿಯರಿಂಗ್ ಶ್ರೇಯಾಂಕಕ್ಕೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಇಲ್ಲಿ ಎರಡೂ ದುರ್ಬಲ. ಆದುದರಿಂದ ಎರಡು ಎಕರೆ ಹೊಲವನ್ನು ಮಾರಿ, ಬೆಂಗಳೂರಿನ ಯಾವುದಾದರೂ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಸೀಟನ್ನು ಕೊಳ್ಳುವ ವಿಚಾರ ಅವರಲ್ಲಿ ಬಲಿಯಿತು. ನಡುವಿನವನೊಬ್ಬ ರಸೀದಿಯಿಲ್ಲದ ಮೊತ್ತವೊಂದನ್ನೂ ಹೇಳಿದ್ದ. ಇಂಥ ವಂತಿಗೆಯನ್ನು ಕರ್ನಾಟಕದಲ್ಲಿ 1984ರಲ್ಲಿಯೇ ಕಾನೂನಿನಿಂದ ನಿಷೇಧಿಸಲಾಗಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಆ ಹೊತ್ತಿಗೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವೇನೋ.

ಪತ್ನಿ ಕೇಳಿದರು: “ಮಗಳಿಗೆ ತೊಂಬತ್ತೊಂದು ಬಂದಾಗ ಮಾರದ ಹೊಲಾನ ಈಗ ಯಾಕ ಮಾರತೀರಿ?”

ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ನಿತ್ಯಕ್ಕಿಂತ ಹೆಚ್ಚಿಗೆ ತಂದಾಗ, ಪತ್ನಿ ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ತಿರುಗಿ ಅಲ್ಲಿಯೇ ಸುರಿದುಬರಲು ಕಳುಹಿಸಿದರು. ಆಸೆಯನ್ನು ಭಕ್ತಿಯ ಬಟ್ಟೆಯಲ್ಲಿ ಸುತ್ತಿ ತಂದರೂ ಅದು ಆಸೆಯೇ ಎಂಬುದನ್ನು ಆ ತಾಯಿ ಕಂಡರು. ಮಕ್ಕಳ ಓದಿನ ಹೆಸರಿನಲ್ಲಿ ತಂದೆತಾಯಿಗಳು ಹೊತ್ತು ತರುವುದರಲ್ಲಿ ಮಕ್ಕಳಿಗೆ ಬೇಕಾದುದೆಷ್ಟು, ತಮ್ಮ ಪ್ರತಿಷ್ಠೆಗೆ ಬೇಕಾದುದೆಷ್ಟು? ಆ ಅಂಗಡಿಯ ಗೃಹಸ್ಥರು ಎರಡು ದಿನ ಪತ್ನಿಯೊಡನೆ ಮಾತು ಬಿಟ್ಟರು. ಅವರ ಸಿಟ್ಟಿಗೆ ಕಾರಣವೂ ಇತ್ತು. ಮಗಳು ಆಗಲೂ ಇಂಜಿನಿಯರಿಂಗ್ ಕೇಳಿರಲಿಲ್ಲವೆಂದು ಅವರ ವಾದ. ಕೇಳಿದ್ದರೆ ಕೊಡುತ್ತಿದ್ದಿರೇನು ಎಂಬ ಪ್ರತಿಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಅನುಭವಮಂಟಪದಲ್ಲಿ ಹೆಣ್ಣಿಗೂ ಸಮಾನ ಪೀಠವಿತ್ತೆಂದು ಹೆಮ್ಮೆಪಡುವ ಮನೆಗಳಲ್ಲಿ ಮಗನ ಸೋಲಿಗೆ ಹೊಲ ಮಾರುವ ಮಾತು ನಡೆಯುತ್ತದೆ, ಮಗಳ ಗೆಲುವಿಗೆ ಮಾತೇ ನಡೆಯುವುದಿಲ್ಲ.

ಕೊನೆಗೆ ಹೊಲ ಮಾರಾಟವಾಗಲಿಲ್ಲ. ಮಗನನ್ನೇ ಕೇಳೋಣವೆಂದು ಅಜ್ಜಿ ಹೇಳಿದರು. ಅಲ್ಲಿಯವರೆಗೆ ಯಾರೂ ಅವನನ್ನು ಕೇಳಿರಲಿಲ್ಲ! ಊರಿನ ಅರ್ಧ ಪಂಪುಗಳ ಮೋಟಾರು ಕೆಟ್ಟರೆ ಕರೆ ಬರುತ್ತಿದ್ದುದು ಅವನಿಗೆ. ಕಂಪ್ಯೂಟರ್ ಬೇಡ, ವಿದ್ಯುತ್ ವಿಭಾಗ ಸಿಕ್ಕರೆ ಸಾಕು, ಸಿಗದಿದ್ದರೆ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮಾಡುತ್ತೇನೆ ಎಂದ. ಅದು ಬರಿಯ ಸಮಾಧಾನದ ಮಾತಾಗಿರಲಿಲ್ಲ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದೆಂಬುದನ್ನು ಹುಡುಗ ಆಗಲೇ ವಿಚಾರಿಸಿಕೊಂಡಿದ್ದ.

ಮೇ ತಿಂಗಳಲ್ಲಿ ಎರಡನೆಯ ಪರೀಕ್ಷೆಯ ಫಲ ಬಂದಿತು, ಅವನು ತೇರ್ಗಡೆಯಾದ. ಇಂಜಿನಿಯರಿಂಗ್ ಪ್ರವೇಶಕ್ಕೆ ಮೂರು ವಿಷಯಗಳಲ್ಲಿ ಒಟ್ಟು ಶೇಕಡಾ 45, ಮೀಸಲಾತಿಯ ವರ್ಗಗಳಿಗೆ ಶೇಕಡಾ 40 ಬೇಕು, ಅದನ್ನು ದಾಟಿದ್ದ. ಆಮೇಲಿನ ಕೆಲಸ ಕಾಗದಪತ್ರಗಳದ್ದು. ಇಲ್ಲಿ ಎಷ್ಟೋ ಮನೆಗಳು ಎಡವುವುದರಿಂದ ತುಸು ವಿವರ ಅಗತ್ಯ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಪ್ರತ್ಯೇಕ ಮೀಸಲಾತಿಯಿದೆ. ಅದಕ್ಕೆ ಶಾಲೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಜಾತಿ-ಆದಾಯದ ಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿ ತರಿಸಿಡಬೇಕು. ಕೊನೆಯ ದಿನ ಅಲ್ಲಿನ ಸಾಲು ಸಂತೆಗಿಂತ ಉದ್ದವಿರುತ್ತದೆ. ಕಾಲೇಜುಗಳ ಆಯ್ಕೆಪಟ್ಟಿಯನ್ನು ಪರೀಕ್ಷಾ ಪ್ರಾಧಿಕಾರಕ್ಕೆ ಸಲ್ಲಿಸುವಾಗ ಕ್ರಮವೇ ಮುಖ್ಯ. ಶ್ರೇಯಾಂಕಕ್ಕೆ ಸಿಗಬಹುದಾದ ಮೊದಲ ಆಯ್ಕೆಯನ್ನು ಯಂತ್ರ ಕೊಟ್ಟುಬಿಡುತ್ತದೆ. ಅದರ ಕೆಳಗಿನವುಗಳಿಗೆ ಮತ್ತೆ ಹೋಗುವಂತಿಲ್ಲ. ಆದುದರಿಂದ ಬೇಡವಾದುದನ್ನು ನೆರೆಯವರ ಮಾತು ಕೇಳಿ ಮೇಲೆ ಬರೆಯಬಾರದು. ಪ್ರಾಧಿಕಾರದ ಗುಪ್ತಪದವನ್ನು ಸೈಬರ್ ಅಂಗಡಿಯವನ ಕೈಗೆ ಬಿಡದೆ, ಪಟ್ಟಿಯನ್ನು ಮಗುವೇ ಕುಳಿತು ಬರೆಯಲಿ. ಹಿರಿಯರು ಪಕ್ಕದಲ್ಲಿ ಕುಳಿತು ಶುಲ್ಕದ ಲೆಕ್ಕವನ್ನೂ ವಸತಿನಿಲಯದ ಖರ್ಚನ್ನೂ ನೋಡಲಿ. ದೂರದ ಊರಿನಲ್ಲಿ ಮಠಗಳ ಪ್ರಸಾದನಿಲಯಗಳಿದ್ದರೆ ಅವುಗಳ ಅರ್ಜಿಯ ಗಡುವು ಬೇರೆಯಿರುತ್ತದೆ. ಸೀಟು ಸಿಕ್ಕ ಮೇಲೆ ವಿಚಾರಿಸಿದರೆ ತಡವಾಗುತ್ತದೆ.

ಮಗನಿಗೆ ನೆರೆಯ ಜಿಲ್ಲೆಯ ಸರಕಾರಿ ಕಾಲೇಜೊಂದರಲ್ಲಿ ವಿದ್ಯುತ್ ವಿಭಾಗದ ಸೀಟು ದೊರೆಯಿತು. ಎಷ್ಟನೆಯ ಶ್ರೇಯಾಂಕವೆಂದು ಅಂಗಡಿಯಲ್ಲಿ ಕೇಳಿದವರಿಗೆ ತಂದೆ, “ಮೋಟಾರು ಕೆಟ್ಟರ ನಾಲ್ಕು ವರ್ಷ ಬ್ಯಾರೆ ಯಾರನ್ನಾರ ನೋಡಿಕೋರಿ” ಎಂದಷ್ಟೇ ಹೇಳುತ್ತಿದ್ದರು.

ಅದೇ ಬೇಸಗೆಯಲ್ಲಿ ಒಂದು ಸಂಜೆ ಅವರು ಅಂಗಡಿಯ ಗಲ್ಲೆಯಿಂದ ಹಣ ಎಣಿಸಿ ತಂದು ಮಗಳ ಮುಂದೆ ಇಟ್ಟರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ.ಗೆ ಅರ್ಜಿ ಕರೆದಾರಂತಲ್ಲ, ಹಾಕು ಎಂದರು. ಮಗಳು ಕೂಡಲೇ ಹಣ ಮುಟ್ಟಲಿಲ್ಲ. ಮದುವೆಯ ಮಾತು ಏನಾಯಿತೆಂದು ಕೇಳಿದಳು. ಅದಕ್ಕಿನ್ನೂ ಎರಡು ವರ್ಷ ತಡ ಐತಿ ಎಂದು ಒಳಗಿನಿಂದ ತಾಯಿ ಉತ್ತರ ಕೊಟ್ಟರು. ತಂದೆ ಇಲ್ಲವೆನ್ನಲಿಲ್ಲ.