ರೊಕ್ಕ ಕಟ್ಟುವ ಮುಂಚೆ: ತಿಕೋಟಾದ ಹುಡುಗನಿಗೊಂದು ಪತ್ರ

ವಿಜಯಪುರ

ಪ್ರೀತಿಯ ತಮ್ಮಾ,

ಐಟಿಐ ಮುಗಿಸಿ ಕೆನಡಾದ ಖಾಸಗಿ ಕಾಲೇಜೊಂದರಲ್ಲಿ ಎರಡು ವರ್ಷದ ಡಿಪ್ಲೊಮಾ ಸೇರಬೇಕೆಂದು ಬರೆದಿದ್ದೀ. ಓದುವ, ಹೊರಗೆ ಹೋಗಿ ದುಡಿಯುವ ನಿನ್ನ ಆಸೆ ನನಗೆ ಸಂತೋಷವನ್ನೇ ತಂದಿದೆ. ಆದರೆ ಪತ್ರದ ಕೊನೆಯ ನಾಲ್ಕು ಸಾಲು ಓದಿ ಮನಸ್ಸಿಗೆ ಸಮಾಧಾನವಾಗಲಿಲ್ಲ. ವಾರದೊಳಗೆ ಮೊದಲ ವರ್ಷದ ಫೀ ಅಷ್ಟೂ ಕಟ್ಟಬೇಕು, ಇಲ್ಲದಿದ್ದರೆ ಸೀಟೂ ಇಲ್ಲ, ವೀಸಾನೂ ಇಲ್ಲ ಎಂದು ಏಜೆಂಟರು ಹೇಳಿದ್ದಾರಂತೆ. ಅಪ್ಪ ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಒಣದ್ರಾಕ್ಷಿಯ ಮೇಲೆ ಸಾಲ ಎತ್ತಲು ಹೊರಟಿದ್ದಾರಂತೆ. ಬಬಲೇಶ್ವರದ ನಿನ್ನ ಸೋದರತ್ತೆಯ ಮಗನೂ ಅದೇ ಏಜೆಂಟರ ಕಡೆಯಿಂದ ಜರ್ಮನಿಗೆ ಹೊರಟಿದ್ದಾನಂತೆ. ಏಜೆಂಟರು ದೂರದ ಬೀಗರೇ ಆದ್ದರಿಂದ ಏನೂ ಹೆದರಿಕೆಯಿಲ್ಲ ಎಂದು ನೀನು ಬರೆದಿದ್ದೀಯಲ್ಲ, ನನಗೆ ಹೆದರಿಕೆ ಹುಟ್ಟಿದ್ದೇ ಅಲ್ಲಿ. ನಿಮ್ಮಿಬ್ಬರ ಹಾಗೆ ಹೊರಟವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೊಲ ಹಿಡಿಯುವಾಗ ಮಾರುವವನು ಸ್ವಂತ ಚಿಕ್ಕಪ್ಪನೇ ಆಗಿದ್ದರೂ ಉತಾರ ತೆಗೆಸುತ್ತೇವೆ. ಬೋಜಾ ಇದೆಯೇ ನೋಡುತ್ತೇವೆ, ಸರ್ವೆ ಮಾಡಿಸಿ ಬದುವಿನ ಮೇಲೆ ನಿಂತು ಚೆಕ್ಕುಬಂದಿ ಕೇಳುತ್ತೇವೆ. ಚಿಕ್ಕಪ್ಪ ಅದಕ್ಕೆ ಸಿಟ್ಟಾಗುವುದಿಲ್ಲ. ನಾಲ್ಕೆಕರೆ ಹೊಲದ ಬೆಲೆಯನ್ನೇ ನುಂಗುವಂಥ ಫೀಯನ್ನು, ಕಣ್ಣಾರೆ ಕಾಣದ ಊರಿನ, ಹೆಸರೂ ಕೇಳದ ಶಾಲೆಗೆ ಕಟ್ಟುವಾಗ ಮಾತ್ರ ಬೀಗರ ಬಾಯಿಮಾತೇ ಸಾಕೆನ್ನುತ್ತೇವೆ. ಕೇಳಿದರೆ ಅವರಿಗೆ ಬೇಜಾರಾದೀತು ಎಂದು ಸುಮ್ಮನಾಗುತ್ತೇವೆ. ಈ ಸಂಕೋಚವನ್ನು ನೀನು ಬಿಡಬೇಕು. ನಾನು ಬರೆಯುತ್ತಿರುವುದೆಲ್ಲ ಇದೊಂದೇ ಮಾತಿಗಾಗಿ.

ಮೊದಲು ಆ ವಾರದ ಗಡುವಿನ ವಿಷಯ. ಕೆನಡಾಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ 2018ರಿಂದ ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್ ಎಂಬ ಬೇಗ ವೀಸಾ ಸಿಗುವ ದಾರಿಯೊಂದಿತ್ತು. ಅದರಲ್ಲಿ ಮೊದಲ ವರ್ಷದ ಫೀ ಮುಂಗಡವಾಗಿ ಪೂರ್ತಿ ಕಟ್ಟುವುದು ಕಡ್ಡಾಯವಿತ್ತು. ಆ ದಾರಿಯನ್ನು ಕೆನಡಾ ಸರ್ಕಾರ 2024ರ ನವೆಂಬರ್ 8ರಂದು ಮುಚ್ಚಿತು. ಈಗ ಫೀಗೂ ಖರ್ಚಿಗೂ ಸಾಕಾಗುವಷ್ಟು ಹಣ ನಿನ್ನ ಹತ್ತಿರ ಇದೆಯೆಂದು ತೋರಿಸಬೇಕು ನಿಜ. ಆದರೆ ಒಂದು ವರ್ಷದ ಫೀ ಅಷ್ಟನ್ನೂ ಮೊದಲೇ ಸುರಿಯದಿದ್ದರೆ ವೀಸಾ ಅರ್ಜಿಯೇ ನಡೆಯದು ಎಂಬುದು ಹಳೆಯ ಮಾತು. ಕಾಲೇಜು ಮುಂಗಡ ಕೇಳುವುದು ಸಹಜ. ಎಷ್ಟು, ಯಾವ ತಾರೀಖಿನೊಳಗೆ ಎಂಬುದನ್ನು ಅದು ತನ್ನ ಪತ್ರದಲ್ಲೇ ಅಚ್ಚು ಹಾಕಿರುತ್ತದೆ. ಅಲ್ಲಿಲ್ಲದ ಗಡುವು ಏಜೆಂಟರದು.

ಶಾಲೆ ಇದೆಯೋ ಇಲ್ಲವೋ ಎಂದು ನೋಡುವುದು ಕಷ್ಟದ ಕೆಲಸವಲ್ಲ. ಹೊರಗಿನ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಪಡೆದ ಶಾಲೆಗಳ ಪಟ್ಟಿಯನ್ನು ಕೆನಡಾದ ವಲಸೆ ಇಲಾಖೆ ತನ್ನ ತಾಣದಲ್ಲಿ ಇಟ್ಟಿದೆ. ಪ್ರತಿ ಶಾಲೆಗೂ ಡಿಎಲ್‌ಐ ನಂಬರ್ ಇರುತ್ತದೆ. ಆಸ್ಟ್ರೇಲಿಯದಲ್ಲಿ ಇಂಥ ಪಟ್ಟಿಗೆ ಕ್ರೈಕೋಸ್ ಎನ್ನುತ್ತಾರೆ, ಅಲ್ಲಿ ಶಾಲೆಗೊಂದು ನಂಬರ್, ಕೋರ್ಸಿಗೇ ಇನ್ನೊಂದು. ಬ್ರಿಟನ್ನಿನಲ್ಲಿ ವಿದ್ಯಾರ್ಥಿ ವೀಸಾಕ್ಕೆ ಪ್ರಾಯೋಜಕರಾಗಲು ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿ ಇದೆ. ಏಜೆಂಟರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಬೇಡ. ಆ ದೇಶದ ಸರ್ಕಾರದ ತಾಣಕ್ಕೆ ನೀನೇ ಹೋಗಿ ಹೆಸರು ಹುಡುಕು. ಅಕ್ಷರ ಅಕ್ಷರ ಹೊಂದಿಸಿ ನೋಡು. ನಿಜವಾದ ಕಾಲೇಜಿನ ಹೆಸರಿಗೆ ಒಂದು ಪದ ಸೇರಿಸಿದರೂ, ಒಂದು ಪದ ಬಿಟ್ಟರೂ ಅದು ಬೇರೆ ಸಂಸ್ಥೆಯಾದೀತು. ಕೆನಡಾದ ಪಟ್ಟಿಯಲ್ಲಿ ಇನ್ನೊಂದು ಕಾಲಮ್ ಇದೆ, ಅದನ್ನು ನಮ್ಮವರು ನೋಡುವುದೇ ಇಲ್ಲ: ಓದು ಮುಗಿದ ಮೇಲೆ ಕೆಲಸದ ಪರ್ಮಿಟ್ ಸಿಗುವಂಥ ಕೋರ್ಸುಗಳು ಆ ಶಾಲೆಯಲ್ಲಿವೆಯೇ ಎಂಬುದು. 2024ರ ನವೆಂಬರ್ 1ರಿಂದ ಈಚೆಗೆ ಓದಿನ ಪರ್ಮಿಟಿಗೆ ಅರ್ಜಿ ಹಾಕಿದ ಡಿಪ್ಲೊಮಾದವರಿಗೆ ಆ ಕೆಲಸದ ಪರ್ಮಿಟ್ ಸಿಗಬೇಕಾದರೆ ಓದಿನ ವಿಷಯವೂ ಸರ್ಕಾರ ಗುರುತಿಸಿದ ಪಟ್ಟಿಯಲ್ಲಿರಬೇಕು. ಶಾಲೆ ಅಪ್ಪಟ ಅಸಲಿ ಇದ್ದರೂ, ಕೋರ್ಸು ಮುಗಿದ ಮರುದಿನ ಗಂಟುಮೂಟೆ ಕಟ್ಟಿ ವಾಪಸು ಬರಬೇಕಾದೀತು.

ನಕಲಿ ಸಂಸ್ಥೆ ಎಂದರೆ ಎಲ್ಲೋ ಸಮುದ್ರದಾಚೆಯ ಮಾತೆಂದು ತಿಳಿಯಬೇಡ. ಯುಜಿಸಿ ವರ್ಷವರ್ಷವೂ ಹೊರಡಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ನೆರೆಯ ಗೋಕಾಕದ ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿಯ ಹೆಸರು ಬಹಳ ವರ್ಷ ಇತ್ತು. ಬಸ್ಸು ಹತ್ತಿ ಹೋಗಿ ನೋಡಿ ಬರಬಹುದಾದ ಊರಿನಲ್ಲೇ ಹೀಗಾದರೆ, ಹತ್ತು ಸಾವಿರ ಕಿಲೋಮೀಟರ್ ದೂರದ್ದನ್ನು ನೋಡದೆ ನಂಬುವುದು ಹೇಗೆ?

ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಮುಗಿಯಿತೆಂದೂ ಅಲ್ಲ, ತಮ್ಮಾ. ಕ್ವಿಬೆಕ್‌ನಲ್ಲಿ ಆದದ್ದನ್ನು ಕೊಂಚ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದು ನಿನ್ನ ವಿಷಯಕ್ಕೆ ತೀರ ಹತ್ತಿರದ್ದು. ಕೆನಡಾದ ಆ ಪ್ರಾಂತದಲ್ಲಿ ಎಂ ಕಾಲೇಜ್, ಸಿಡಿಇ ಕಾಲೇಜ್, ಸಿಸಿಎಸ್‌ಕ್ಯೂ ಎಂಬ ಮೂರು ಖಾಸಗಿ ಕಾಲೇಜುಗಳಿದ್ದವು. ಮೂರೂ ರೈಸಿಂಗ್ ಫೀನಿಕ್ಸ್ ಇಂಟರ್‌ನ್ಯಾಷನಲ್ ಎಂಬ ಒಂದೇ ಗುಂಪಿನವು, ಮೂರಕ್ಕೂ ಪರವಾನಗಿ ಇತ್ತು, ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತದವರೇ. ಫೀ ಕಟ್ಟಿರೆಂದು ವಿದ್ಯಾರ್ಥಿಗಳಿಗೆ ಒತ್ತಾಯ ಹೋಯಿತು. ಅಪ್ಪಂದಿರು ಸಾಲ ಮಾಡಿ ಕಟ್ಟಿದರು. 2021ರ ಕೊನೆಗೆ ತರಗತಿಗಳು ನಿಂತವು. ಚಳಿಗಾಲದ ರಜೆ ಎಂದರು. 2022ರ ಜನವರಿಯಲ್ಲಿ ಆ ಕಾಲೇಜುಗಳು ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋದವು. ಕೆಲವರು ಅಲ್ಲಿ ಕಾಲೇಜಿಲ್ಲದೆ ಉಳಿದರು, ಕೆಲವರು ಇಲ್ಲಿ ಮನೆಯಲ್ಲೇ ಕುಳಿತು ವೀಸಾ ಕಾಯುತ್ತ, ಕಟ್ಟಿದ ಫೀಗಾಗಿ ಪರದಾಡಿದರು. ಆ ಫೆಬ್ರವರಿಯಲ್ಲಿ ಒಟ್ಟಾವಾದ ಭಾರತದ ಹೈಕಮಿಷನ್ ಪ್ರಕಟಣೆ ಹೊರಡಿಸಿ, ಹಣ ಕಟ್ಟುವ ಮೊದಲು ಸಂಸ್ಥೆಯ ಪೂರ್ವಾಪರ ವಿಚಾರಿಸಿ ಎಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕಾಯಿತು.

ಆ ಕಾಲೇಜುಗಳ ಹೆಸರು ಪಟ್ಟಿಯಲ್ಲಿ ಹುಡುಕಿದ್ದರೆ ಆಗ ಸಿಗುತ್ತಿತ್ತು. ಆದ್ದರಿಂದ ಶಾಲೆ ಇದೆಯೇ ಎಂದು ಕೇಳಿದ ಮೇಲೆ ಶಾಲೆ ಬಾಗಿಲು ಹಾಕಿದರೆ ನನ್ನ ರೊಕ್ಕದ ಗತಿಯೇನು ಎಂದೂ ಕೇಳಬೇಕು. ಈ ಪ್ರಶ್ನೆಗೆ ಒಂದೊಂದು ದೇಶದ ಉತ್ತರ ಒಂದೊಂದು. ಆಸ್ಟ್ರೇಲಿಯದಲ್ಲಿ 2009–10ರ ಸುಮಾರಿಗೆ ಅಡುಗೆ, ಕೇಶವಿನ್ಯಾಸ ಕಲಿಸುವ ಖಾಸಗಿ ಕಾಲೇಜುಗಳು ಸಾಲುಸಾಲಾಗಿ ಮುಚ್ಚಿ ನಮ್ಮ ಹುಡುಗರು ಬೀದಿಗೆ ಬಿದ್ದಿದ್ದರು. 2012ರಲ್ಲಿ ಅಲ್ಲಿನ ಸರ್ಕಾರ ಟ್ಯೂಷನ್ ಪ್ರೊಟೆಕ್ಷನ್ ಸರ್ವಿಸ್ ಎಂಬ ವ್ಯವಸ್ಥೆ ತಂದಿತು. ಕಾಲೇಜು ಮುಚ್ಚಿದರೆ ಬೇರೆ ಕಾಲೇಜಿನಲ್ಲಿ ಜಾಗ ಹುಡುಕಿಕೊಡುವುದು, ಆಗದಿದ್ದರೆ ಓದದೆ ಉಳಿದ ಭಾಗದ ಫೀ ಮರಳಿಸುವುದು ಅದರ ಕೆಲಸ. ಇಪ್ಪತ್ತೈದು ವಾರಕ್ಕಿಂತ ದೊಡ್ಡ ಕೋರ್ಸಾದರೆ, ಶುರುವಾಗುವ ಮೊದಲೇ ಅರ್ಧಕ್ಕಿಂತ ಹೆಚ್ಚು ಫೀ ಕಟ್ಟಲೇಬೇಕೆಂದು ಕೇಳುವ ಹಾಗಿಲ್ಲ ಎಂದೂ ಅಲ್ಲಿನ ಕಾನೂನು ಹೇಳುತ್ತದೆ. ನಿನ್ನ ಕಾಲೇಜಿಗೂ ಇದನ್ನೇ ಕೇಳು: ನೀವು ಇರುವ ಪ್ರಾಂತದಲ್ಲಿ ಫೀಗೆ ರಕ್ಷಣೆ ಕೊಡುವ ನಿಧಿ ಯಾವುದು, ನೀವು ಅದರಲ್ಲಿ ಇದ್ದೀರಾ? ಸೆಮಿಸ್ಟರ್ ಸೆಮಿಸ್ಟರಿಗೆ ಕಟ್ಟಲು ಬಿಡುತ್ತೀರಾ? ವೀಸಾ ತಿರಸ್ಕಾರವಾದರೆ ಎಷ್ಟು ಮುರಿದುಕೊಂಡು ಎಷ್ಟು ದಿನದಲ್ಲಿ ಮರಳಿಸುತ್ತೀರಿ?

ಅಮೆರಿಕದ್ದು ಇನ್ನೂ ವಿಚಿತ್ರ ಕಥೆ. ಮಿಶಿಗನ್ ರಾಜ್ಯದಲ್ಲಿ ಫಾರ್ಮಿಂಗ್ಟನ್ ಯೂನಿವರ್ಸಿಟಿ ಎಂದಿತ್ತು. ಚೆಂದದ ವೆಬ್‌ಸೈಟು, ಸರ್ಕಾರಿ ಪಟ್ಟಿಯಲ್ಲೂ ಹೆಸರು. 2019ರ ಜನವರಿ ಕೊನೆಗೆ ಗೊತ್ತಾಯಿತು, ವೀಸಾ ವಂಚನೆ ಹಿಡಿಯಲು ಅಮೆರಿಕ ಸರ್ಕಾರವೇ ಹೂಡಿದ ಬಲೆ ಅದು ಎಂದು. ಆಗ ಬಂಧಿಸಿದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಅಲ್ಲಿ ಮೇಷ್ಟ್ರೂ ಇರಲಿಲ್ಲ, ತರಗತಿಯೂ ಇರಲಿಲ್ಲ. ಪಾಠ ಯಾರು ಮಾಡುತ್ತಾರೆ, ವಾರಕ್ಕೆ ಎಷ್ಟು ತಾಸು, ವರ್ಕ್‌ಶಾಪಿನಲ್ಲಿ ಯಾವ ಯಂತ್ರಗಳಿವೆ ಎಂದು ಐಟಿಐ ಕಲಿತ ನೀನು ಕೇಳಬಲ್ಲೆ. ಆ ಪ್ರಶ್ನೆಗೆ ತಡವರಿಸುವ ಕಡೆ ಹೋಗಬೇಡ.

ಕಾಲೇಜಿಗೆ ನೀನೇ ಫೋನ್ ಹಚ್ಚು. ಸರ್ಕಾರಿ ಪಟ್ಟಿಯಲ್ಲಿ ಸಿಕ್ಕ ಕಾಲೇಜಿನ ಸ್ವಂತ ತಾಣದಿಂದ ನಂಬರ್ ತೆಗೆದುಕೊ, ಆಫರ್ ಲೆಟರಿನಲ್ಲಿರುವ ನಂಬರ್ ಬೇಡ. ತಿಕೋಟಾದಲ್ಲಿ ರಾತ್ರಿ ಎಂಟಾದಾಗ ಕೆನಡಾದ ಮಾಂಟ್ರಿಯಲ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆ, ಬೇಸಿಗೆಯಲ್ಲಿ ಹತ್ತೂವರೆ. ಪ್ರವೇಶ ವಿಭಾಗಕ್ಕೆ ಕೊಡಿ ಎಂದು ಕೇಳಿ ನಿನ್ನ ಪತ್ರದ ನಂಬರ್ ಹೇಳು, ಈ ಪತ್ರ ನೀವೇ ಕೊಟ್ಟದ್ದಾ ಎಂದು ಕೇಳು. ಇಂಗ್ಲಿಷ್ ತಡವರಿಸಿದರೂ ಅಡ್ಡಿಯಿಲ್ಲ, ಬರೆದಿಟ್ಟುಕೊಂಡು ಓದು. ಈ ಒಂದು ಕರೆ ಮಾಡಿದ್ದರೆ ಎಷ್ಟೋ ಮಕ್ಕಳ ಬದುಕು ಉಳಿಯುತ್ತಿತ್ತು. 2023ರಲ್ಲಿ ಕೆನಡಾದಲ್ಲಿ ನೂರಾರು ವಿದ್ಯಾರ್ಥಿಗಳು, ಬಹುಪಾಲು ಪಂಜಾಬಿನವರು, ಗಡಿಪಾರಿನ ಭೀತಿಯಲ್ಲಿ ರಸ್ತೆಗಿಳಿದು ಕೂತಿದ್ದರು. ಕಾಲೇಜುಗಳು ನಿಜ, ಅವುಗಳ ಹೆಸರಿನ ಪ್ರವೇಶ ಪತ್ರ ಸುಳ್ಳು. ವಿಮಾನ ಇಳಿದ ಮೇಲೆ ಆ ಸೀಟು ರದ್ದಾಗಿದೆ, ಬೇರೆ ಕಡೆ ಸೇರಿಕೊ ಎಂದು ಏಜೆಂಟ್ ಹೇಳಿದ್ದನ್ನು ಮಕ್ಕಳು ನಂಬಿದ್ದರು. ಓದು ಮುಗಿದು, ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಪತ್ರ ನಕಲಿಯೆಂದು ಹೊರಬಿತ್ತು. ಅದರ ಮೇಲೆ 2023ರ ಡಿಸೆಂಬರ್ 1ರಿಂದ ಪ್ರತಿ ಪ್ರವೇಶ ಪತ್ರವನ್ನೂ ಕೆನಡಾ ಸರ್ಕಾರ ಕಾಲೇಜಿನೊಡನೆ ತಾಳೆ ನೋಡುತ್ತಿದೆ. ಆದರೆ ಆ ತಪಾಸಣೆ ನಡೆಯುವುದು ನೀನು ರೊಕ್ಕ ಕೊಟ್ಟ ಮೇಲೆ.

ಇನ್ನು ರೊಕ್ಕ ಕಳಿಸುವ ದಾರಿ. ನಾನು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಗ ಹೊರದೇಶಕ್ಕೆ ಫೀ ಕಳಿಸುವ ಅರ್ಜಿಗಳು ನನ್ನ ಮೇಜಿನ ಮೇಲೆ ಬರುತ್ತಿದ್ದವು. ಬಬಲೇಶ್ವರದ ಕಡೆಯ ತಂದೆಯೊಬ್ಬರು ತಂದ ಕಾಗದ ಈಗಲೂ ಕಣ್ಣ ಮುಂದಿದೆ. ಮೇಲೆ ಕಾಲೇಜಿನ ಲಾಂಛನ, ಅಂಚು ಮಸುಕಾಗಿ ಹಿಗ್ಗಿದ್ದು. ಕೆಳಗೆ ಸಂಪರ್ಕಕ್ಕೆ ಜಿಮೇಲ್ ವಿಳಾಸ. ಹಣ ಜಮಾ ಮಾಡಬೇಕಾದ ಖಾತೆಯ ಹೆಸರಿನಲ್ಲಿ ಕಾಲೇಜೇ ಇಲ್ಲ, ಯಾವುದೋ ಟ್ರೇಡಿಂಗ್ ಕಂಪನಿ, ಅದೂ ಬೇರೆಯೇ ದೇಶದ್ದು. ಆ ಮೂರನ್ನೂ ತೋರಿಸಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಕಾಗದ ಮಡಚಿಕೊಂಡು ಹೋದರು. ರೊಕ್ಕ ಉಳಿಯಿತು. ನೀನೂ ಹಾಗೇ ನೋಡು. ಫೀ ಹೋಗಬೇಕಾದದ್ದು ಕಾಲೇಜಿನ ಹೆಸರಿನ ಖಾತೆಗೆ, ನಿನ್ನ ಅಥವಾ ಅಪ್ಪನ ಖಾತೆಯಿಂದ, ಬ್ಯಾಂಕಿನ ಮೂಲಕ. ಎ2 ಫಾರ್ಮ್ ತುಂಬಬೇಕು, ಪ್ಯಾನ್ ಬೇಕು, ಓದಿಗೆಂದು ಕಳಿಸುವ ಹಣಕ್ಕೆ ಎಸ್0305 ಎಂಬ ಕೋಡ್ ಇದೆ, ಕೊನೆಗೆ ಸ್ವಿಫ್ಟ್ ರಸೀದಿ ಕೈಗೆ ಸಿಗುತ್ತದೆ. ಏಜೆಂಟರ ಯುಪಿಐಗೆ ಹಾಕಿದ ರೊಕ್ಕಕ್ಕೆ ಇದಾವುದೂ ಇರುವುದಿಲ್ಲ. ಕೆನಡಾದಲ್ಲಿ ಊಟ-ವಸತಿಯ ಖರ್ಚಿಗೆ ತೋರಿಸುವ ಜಿಐಸಿ ಠೇವಣಿಯೂ (ಕ್ವಿಬೆಕ್ ಬಿಟ್ಟು ಉಳಿದೆಡೆ 2025ರ ಸೆಪ್ಟೆಂಬರಿನಿಂದ ಬೇಕಾದ ಮೊತ್ತ 22,895 ಕೆನಡಾ ಡಾಲರ್) ನಿನ್ನ ಹೆಸರಿನಲ್ಲೇ ಇರುವಂಥದು, ಅದಕ್ಕೆ ಇನ್ನೊಬ್ಬರ ಖಾತೆ ಬೇಕಿಲ್ಲ.

ಸೋದರತ್ತೆಯ ಮಗನಿಗೆ ಹೇಳು: ಜರ್ಮನಿಯ ಔಸ್‌ಬಿಲ್ಡುಂಗ್ ಎಂದರೆ ಕಂಪನಿಯಲ್ಲಿ ಕೆಲಸ, ಜೊತೆಗೆ ಸರ್ಕಾರಿ ವೃತ್ತಿಶಾಲೆಯಲ್ಲಿ ಪಾಠ. ಆ ದ್ವಿಮುಖ ತರಬೇತಿಗೆ ಫೀ ಇಲ್ಲ, ಕಂಪನಿಯೇ ತಿಂಗಳ ಭತ್ಯೆ ಕೊಡುತ್ತದೆ. 2025ರಲ್ಲಿ ಶುರುವಾದ ತರಬೇತಿಗಳಲ್ಲಿ ಮೊದಲ ವರ್ಷದ ಕನಿಷ್ಠ ಭತ್ಯೆ 682 ಯೂರೊ. ಆದ್ದರಿಂದ ಅವನಿಂದ ಲಕ್ಷಗಟ್ಟಲೆ 'ಶಾಲೆಯ ಫೀ' ಕೇಳಿದರೆ ಅದು ಯಾವ ಶಾಲೆ, ಯಾತರ ಫೀ ಎಂದು ಕೇಳಲೇಬೇಕು. ಖಾಸಗಿ ಶಾಲೆಗಳೂ ಅಲ್ಲಿವೆ, ಫೀ ತೆಗೆದುಕೊಳ್ಳುವಂಥವೂ ಇವೆ, ಆದರೆ ಅದನ್ನು ಮೊದಲೇ ಹೇಳಬೇಕು. ಕಂಪನಿಯೊಡನೆ ಸಹಿಯಾದ ತರಬೇತಿ ಒಪ್ಪಂದ ಅವನ ಕೈಗೆ ಬರಬೇಕು, ಅದು ಅಲ್ಲಿನ ವಾಣಿಜ್ಯ ಅಥವಾ ಕುಶಲಕರ್ಮಿಗಳ ಮಂಡಳಿಯಲ್ಲಿ ದಾಖಲಾಗಿರಬೇಕು. ನಿಜವಾಗಿ ಖರ್ಚು ಬೀಳುವುದು ಭಾಷೆಗೆ. ಸಾಮಾನ್ಯವಾಗಿ ಬಿ1 ಮಟ್ಟದ ಜರ್ಮನ್ ಬೇಕು, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಪರೀಕ್ಷೆ ಬರೆಯಬಹುದು. ಭಾಷೆ ಬೇಡ, ನಾವು ನೋಡಿಕೊಳ್ಳುತ್ತೇವೆ ಎಂದವರನ್ನು ಅಲ್ಲಿಗೇ ಕೈಬಿಡಲಿ.

ಏಜೆಂಟರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ನೆರವಾಗುವವರೂ ಇದ್ದಾರೆ. ಆದರೆ ಸೇರಿಸಿದ ಪ್ರತಿ ವಿದ್ಯಾರ್ಥಿಗೆ ಕಾಲೇಜಿನಿಂದ ಕಮಿಷನ್ ಪಡೆಯುವುದು ಈ ವ್ಯವಹಾರದ ರೂಢಿ, ಹೆಚ್ಚು ಕಮಿಷನ್ ಕೊಡುವ ಕಾಲೇಜೇ ಅವರ ಬಾಯಿಗೆ ಮೊದಲು ಬರುವುದು ಸಹಜ. ಓದಿನ ಜೊತೆಗೆ ನೌಕರಿ ಗ್ಯಾರಂಟಿ ಎಂದರೆ ವಿಷಯವೇ ಬೇರೆ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸಲು 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದ ನೋಂದಣಿ ಬೇಕು. ಆ ನೋಂದಣಿಯ ನಂಬರ್ ಕೇಳಿ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದು, 2024ರ ಸೆಪ್ಟೆಂಬರಿನಲ್ಲಿ ಜೀವಂತ ಮರಳಿದಾಗ ಅವರ ಅವ್ವಂದಿರು ಅತ್ತದ್ದನ್ನು ನಾವೆಲ್ಲ ಕಂಡಿದ್ದೇವೆ.

ಬೀಗರೊಂದಿಗೆ ಜಗಳ ಬೇಡ. ಈ ಪ್ರಶ್ನೆಗಳನ್ನೇ ಮರ್ಯಾದೆಯಿಂದ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸು, ಉತ್ತರವೂ ಬರಹದಲ್ಲೇ ಬರಲಿ. ಈಗಾಗಲೇ ಏನಾದರೂ ಆನ್‌ಲೈನ್‌ನಲ್ಲಿ ಕೊಟ್ಟು ಮೋಸವೆನಿಸಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಹಣ ಮುಂದಕ್ಕೆ ದಾಟುವ ಮೊದಲು ತಡೆಯುವ ಅವಕಾಶ ಮೊದಲ ಕೆಲವು ತಾಸುಗಳಲ್ಲೇ ಹೆಚ್ಚು. ಹೋಗುವುದು ಖಚಿತವಾದ ಮೇಲೆ ವಿದೇಶಾಂಗ ಇಲಾಖೆಯ ಮದದ್ ತಾಣದಲ್ಲಿ ಹೆಸರು ನೋಂದಾಯಿಸು. ಅಪ್ಪನಿಗೆ ಈ ಪತ್ರ ಓದಿ ಹೇಳು, ಒಣದ್ರಾಕ್ಷಿಯ ಮೇಲಿನ ಸಾಲ ಕಾಲೇಜಿನಿಂದ ಉತ್ತರ ಬರುವವರೆಗೆ ತಡೆಯಲಿ. ಆಫರ್ ಲೆಟರಿನ ಎಲ್ಲ ಪುಟಗಳನ್ನೂ ನನಗೆ ಕಳಿಸು. ಫೀ ಮರಳಿಸುವ ನಿಯಮ ಹೆಚ್ಚಾಗಿ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಇಬ್ಬರೂ ಕೂತು ಸಾಲು ಸಾಲು ಓದೋಣ. ಬ್ಯಾಂಕಿಗೆ ಹೋಗುವ ದಿನ ನಾನೂ ಜೊತೆಗೆ ಬರುತ್ತೇನೆ.

ಇಂತಿ ನಿನ್ನ
ಕಾಕಾ